ಇಪ್ಪತ್ನಾಲ್ಕು ತಾಸಿನ ಮಾಮಾ

ನಸುಕಿನ ಐದು ಗಂಟೆಗೆ ಮೆಜೆಸ್ಟಿಕ್ಕಿನಲ್ಲಿ ನಮ್ಮ ಕಡೆಯ ಬಸ್ಸು ಬಂದು ನಿಂತಾಗ ಇಳಿಯುವವರನ್ನು ನೋಡಬೇಕು. ಎಲ್ಲರೂ ಆಟೋದವರ ಕೈಯಿಂದ ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಒಬ್ಬರು ಮಾತ್ರ ಬ್ಯಾಗನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಕೈಗಡಿಯಾರ ನೋಡುತ್ತ, ತುಟಿಯಲ್ಲೇ ಏನೋ ಕೂಡಿಸಿ ಕಳೆಯುತ್ತ ನಿಂತಿರುತ್ತಾರೆ. ಲಾಡ್ಜಿನೊಳಗೆ ಯಾವ ಗಳಿಗೆಯಲ್ಲಿ ಕಾಲಿಟ್ಟರೆ ಲಾಭ ಎಂಬ ಲೆಕ್ಕ ಅದು. ನನ್ನ ಮದುವೆಯ ಮುಹೂರ್ತಕ್ಕೂ ಅಯ್ಯನವರು ಅಷ್ಟು ಬೆರಳು ಮಡಿಚಿರಲಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಊರಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಶಿಗ್ಗಾಂವಿಯವರದು ಸ್ವಲ್ಪ ಬೇರೆ ಪಂಥ. ಪುಣೆ–ಬೆಂಗಳೂರು ಹೆದ್ದಾರಿ ಊರ ಮುಂದೆಯೇ ಹಾಯ್ದಿರುವುದರಿಂದ ಒಂದು ರಾತ್ರಿ ಬಸ್ಸಿಗೆ ಹೋಗಿ, ಹಗಲು ಕೆಲಸ ಮುಗಿಸಿ, ಮತ್ತೊಂದು ರಾತ್ರಿ ಬಸ್ಸಿಗೆ ಮರಳುತ್ತಾರೆ. ಸೀಟೇ ಅವರ ಲಾಡ್ಜು. ಸವಣೂರವರು ಯಲವಿಗಿಗೆ ಹೋಗಿ ರೈಲು ಹಿಡಿದರೆ ಬರ್ತ್ ಮೇಲೆ ಕಾಲು ಚಾಚುತ್ತಾರೆ. ಹಿರೇಕೆರೂರವರಿಗೆ ಪೀಣ್ಯದಲ್ಲೋ ಲಗ್ಗೆರೆಯಲ್ಲೋ ಒಬ್ಬ ತಮ್ಮನ ಮಗ ಇದ್ದೇ ಇರುತ್ತಾನೆ. ಇತ್ತ ರೈಲೂ ಇಲ್ಲದ, ಅತ್ತ ದೊಡ್ಡ ಹೆದ್ದಾರಿಯೂ ದೂರವಾದ ನಾವು ಹಾನಗಲ್ಲು ತಾಲೂಕಿನವರು ಮಾತ್ರ ಲಾಡ್ಜಿಂಗ್ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದಿದ್ದೇವೆ. ಅದರಲ್ಲಿ ನಮ್ಮ ಅಕ್ಕಿಆಲೂರ ಮಾಮಾನನ್ನು ಮೀರಿಸಿದವರನ್ನು ನಾನಂತೂ ಕಾಣೆ.

ಮಾಮಾನಿಗೆ ಈ ವಿದ್ಯೆ ಹತ್ತಿದ್ದು ಹೊಲದ ಬದುವಿನಿಂದ. ಬದುವಿನ ತಕರಾರು ಒಂದೊಂದೇ ಕೋರ್ಟು ಹತ್ತಿ ಬೆಂಗಳೂರಿನ ಹೈಕೋರ್ಟಿಗೆ ಬಂದು ಕೂತಿತು. ತಾರೀಖು ಬಿದ್ದಾಗೊಮ್ಮೆ ಮಾಮಾ ಬೆಂಗಳೂರಿಗೆ ಬಂದರು. 2008ರ ಜುಲೈಯಲ್ಲಿ ಧಾರವಾಡದಲ್ಲೇ ಹೈಕೋರ್ಟ್ ಪೀಠ ಶುರುವಾದಾಗ ನಮ್ಮ ಕಡೆಯ ಕಕ್ಷಿದಾರರು ಪೇಢೆ ಹಂಚಿದರು. ಮಾಮಾ ಒಂದು ಪೇಢೆ ತಿಂದು ಸುಮ್ಮನೆ ಕೂತರು. ಧಾರವಾಡಕ್ಕೆ ಹೋದರೆ ಸಂಜೆಗೆ ಮನೆ. ಮೂವತ್ತು ಲಾಡ್ಜುಗಳ ಜ್ಞಾನ ಇಟ್ಟುಕೊಂಡು ಏನು ಮಾಡುವುದು? ಅಂದಿನಿಂದ ಊರಲ್ಲಿ ಯಾರೇ ಬೆಂಗಳೂರಿಗೆ ಹೊರಟರೂ ಮಾಮಾ ಜೊತೆಗೆ ಹೊರಡುತ್ತಾರೆ. ಕಿದ್ವಾಯಿ ಆಸ್ಪತ್ರೆಗಿರಲಿ, ಪಿಂಚಣಿ ಕಾಗದಕ್ಕಿರಲಿ, ಯಾರದೋ ಮಗಳ ಸೀಟಿಗಿರಲಿ, ‘ರೂಮಿನ ಚಿಂತಿ ನನಗ ಬಿಡ್ರಿ.’

ಹೀಗೆ ಬಿಟ್ಟವರಲ್ಲಿ ನಾನು ಮೊದಲಿಗ, ಅದೂ ಧಾರವಾಡದ ಪೀಠ ಬರುವ ಮೊದಲೇ. 2005ರ ಸುಮಾರು, ನನ್ನ ಮೊದಲ ಕೆಲಸದ ಸಂದರ್ಶನ. ಮರುದಿನ ಮಾಮಾನ ತಾರೀಖು. ಐದಕ್ಕೆ ಮೆಜೆಸ್ಟಿಕ್ಕಿನಲ್ಲಿ ಇಳಿದೆವು. ನನಗೆ ಹತ್ತೂವರೆಗೆ ಸಂದರ್ಶನ; ಮೀಯಬೇಕು, ಇಸ್ತ್ರಿಯ ಅಂಗಿ ತೊಡಬೇಕು. ಎದುರಿಗೇ ಗಾಂಧಿನಗರ, ಕಣ್ಣು ಹಾಯಿಸಿದಲ್ಲೆಲ್ಲ ಲಾಡ್ಜಿನ ಬೋರ್ಡು. ಮಾಮಾ ಅಲ್ಲಾಡಲಿಲ್ಲ.

‘ಅಳ್ಯಾ, ಇಲ್ಲಿ ಇಪ್ಪತ್ನಾಲ್ಕು ತಾಸಿನ ಲೆಕ್ಕ. ಈಗ ಐದಕ್ಕ ಒಳಗ ಹೋದ್ರ ನಾಳೆ ನಸುಕಿನ್ಯಾಗ ಐದಕ್ಕ ಎಬ್ಬಸ್ತಾರ. ನಮ್ಮ ಬಸ್ಸು ನಾಳೆ ರಾತ್ರಿ ಒಂಬತ್ತೂವರಿಗೆ. ನಡುವಿನ ಹದಿನಾರೂವರಿ ತಾಸು ಎಲ್ಲಿ ಹೋಗೂದು? ಅದ ಇವತ್ತ ರಾತ್ರಿ ಹತ್ತಕ್ಕ ರೂಮ್ ಹಿಡದ್ರ, ರಾತ್ರಿ ನಿದ್ದೀನೂ ಆತು, ನಾಳೆ ಹಗಲೂ ನಮ್ದ ಆತು. ಒಂದ ಬಾಡಿಗಿ!’

‘ಇವತ್ತ ಹಗಲು, ಮಾಮಾ?’

‘ಇವತ್ತ ನಿಂಗ ಇಂಟರ್ವ್ಯೂ ಐತಲ್ಲ?’

ಬಸ್‌ಸ್ಟ್ಯಾಂಡಿನ ಪೇ ಶೌಚಾಲಯದಲ್ಲಿ ಮಿಂದೆ. ಒಂದೇ ಕನ್ನಡಿ. ನನ್ನ ಎಡಕ್ಕೆ ಒಬ್ಬರು ದಾಡಿ ಮಾಡಿಕೊಳ್ಳುತ್ತಿದ್ದರು, ಬಲಕ್ಕೆ ಒಬ್ಬರು ಹಲ್ಲುಜ್ಜುತ್ತಿದ್ದರು. ನಡುವೆ ನಿಂತು ಜೀವನದಲ್ಲಿ ಮೊದಲ ಸಲ ಟೈ ಕಟ್ಟಿದೆ; ಟೈಯ ತುದಿಗೆ ಬಲಗಡೆಯವರ ಪೇಸ್ಟಿನ ಒಂದು ಹನಿ ಬಿತ್ತು. ಸಂದರ್ಶನದುದ್ದಕ್ಕೂ ಅದನ್ನು ಅಂಗೈಯಿಂದ ಮುಚ್ಚಿಕೊಂಡೇ ಕೂತಿದ್ದೆ. ಅವರು ಅದನ್ನು ವಿನಯವೆಂದು ತಿಳಿದಿರಬೇಕು.

ಸಂಜೆ ಏಳಕ್ಕೆ ಮಾಮಾನ ಮೆಚ್ಚಿನ ಲಾಡ್ಜಿನ ಮೆಟ್ಟಿಲ ಮೇಲೆ ಕೂತೆವು. ಡಬಲ್ ರೂಮಿಗೆ ಇನ್ನೂರೈವತ್ತು ರೂಪಾಯಿ. ಮ್ಯಾನೇಜರು ಒಳ್ಳೆಯವರು. ಎಂಟಕ್ಕೇ ಹೊರಗೆ ಬಂದು, ‘ಬನ್ನಿ ಯಜಮಾನ್ರೇ, ಒಂದೇ ರೂಮ್ ಉಳ್ದಿದೆ’ ಎಂದರು. ಮಾಮಾ ಗಡಿಯಾರ ತೋರಿಸಿ, ‘ಇನ್ನೂ ಹೊತ್ತಾಗಿಲ್ರಿ’ ಎಂದರು. ಒಂಬತ್ತಕ್ಕೆ ಮತ್ತೆ ಕರೆದರು. ‘ಒಳಗ ಬರ್ತೀವಿ, ರಿಜಿಸ್ಟರಿನ್ಯಾಗ ಹತ್ತು ಅಂತ ಬರೀತೀರೇನು?’ ‘ಅದು ಆಗಲ್ಲ ಸಾರ್.’ ‘ಹಂಗಾರ ಇಲ್ಲೇ ಗಾಳಿ ಚಲೋ ಐತಿ.’ ನಡುವೆ ಸವಣೂರ ಖಾರಾದ ಒಂದು ಪೊಟ್ಟಣ ಕೌಂಟರಿಗೆ ಹೋಯಿತು. ಮ್ಯಾನೇಜರು ಖಾರಾ ತಿಂದರು, ಗಡಿಯಾರ ತಿರುಗಿಸಲಿಲ್ಲ. ಒಂಬತ್ತು ಐವತ್ತಕ್ಕೆ ಗಂಡ, ಹೆಂಡತಿ, ಮಲಗಿದ ಕೂಸು ಮೆಟ್ಟಿಲು ಹತ್ತಿ ನಮ್ಮನ್ನು ದಾಟಿ ಒಳಗೆ ಹೋದರು. ರೂಮು ಹೋಯಿತು. ಹತ್ತು ಗಂಟೆಗೆ ಸರಿಯಾಗಿ ಮಾಮಾ ಎದ್ದು, ಅಂಗಿ ಜಾಡಿಸಿ, ಕೌಂಟರಿನ ಮುಂದೆ ನಿಂತರು. ಮ್ಯಾನೇಜರು ಖಾಲಿ ಪೊಟ್ಟಣವನ್ನು ಮೆಲ್ಲಗೆ ಕೆಳಗೆ ಸರಿಸಿದರು.

ಆ ರಾತ್ರಿ ನಾವು ಮಲಗಿದ್ದು ಶಾಸಕರ ಭವನದಲ್ಲಿ. ನಮ್ಮ ಕಡೆಯ ಒಬ್ಬ ಎಂಎಲ್ಎಯವರ ರೂಮು. ಎಂಎಲ್ಎಯವರು ಇರಲಿಲ್ಲ; ಅವರೊಬ್ಬರನ್ನು ಬಿಟ್ಟು ಕ್ಷೇತ್ರವೆಲ್ಲ ಅಲ್ಲಿತ್ತು. ದೀಪ ಆರಿತ್ತು. ಮಂಚದ ಮೇಲೆ ಮೂವರು, ನೆಲದ ಮೇಲೆ ಎಣಿಸಲಿಲ್ಲ. ಕತ್ತಲಲ್ಲಿ ಯಾರದೋ ಕಾಲು ತುಳಿದೆ. ‘ಯಾವೂರ್ರೀ?’ ಎಂದಿತು ಕಾಲು. ‘ಅಕ್ಕಿಆಲೂರು’ ಎಂದರು ಮಾಮಾ. ‘ನಮ್ದು ಹಂಸಭಾವಿ. ಬರ್ರಿ, ಮಕ್ಕೋರಿ.’ ಕಾಲು ಸರಿಯಿತು, ಅದರಾಚೆಯದೂ ಸರಿಯಿತು. ಗೋಡೆಯವರೆಗೆ ಸಾಲಾಗಿ ಎಲ್ಲರೂ ಒಂದೊಂದು ಗೇಣು ಸರಿದ ಸಪ್ಪಳ ಕೇಳಿಸಿತು. ಯಾರೂ ಗಡಿಯಾರ ನೋಡಲಿಲ್ಲ. ಬೆಂಗಳೂರಿನಲ್ಲಿ ನಾನು ಅಷ್ಟು ಗಾಢವಾಗಿ ಮಲಗಿದ್ದು ಅದೇ ಕೊನೆ ಎನಿಸುತ್ತದೆ. ಆದರೆ ಟೈಯ ಕಲೆ ಹೋಗಲಿಲ್ಲ.

ಮಾಮಾನ ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿಂಗಲ್ ರೂಮು ಹಿಡಿದು ನಾಲ್ವರು ಮಲಗುವುದು. ಮೂವರು ‘ಭೆಟ್ಟಿಗೆ ಬಂದವರು’, ಹತ್ತು ಹತ್ತು ನಿಮಿಷ ಬಿಟ್ಟು ಒಬ್ಬೊಬ್ಬರೇ ಮೇಲೆ ಬರಬೇಕು. ಬಿಸಿನೀರು ಆರರಿಂದ ಎಂಟು ಎಂದು ಬೋರ್ಡಿದ್ದರೆ ಐದು ಐವತ್ತಕ್ಕೇ ನಲ್ಲಿ ತಿರುಗಿಸಿ ಕಾಯುವುದು. ಲಾಡ್ಜಿನ ಚಾದರದ ಮೇಲೆ ಮನೆಯ ಚಾದರ. ಲಾಡ್ಜಿನ ಸಣ್ಣ ಸಾಬೂನು ಮಾತ್ರ ಅಕ್ಕಿಆಲೂರಿಗೆ. ನಾನು ಮೊಬೈಲಿನಲ್ಲಿ ರೂಮು ಬುಕ್ ಮಾಡಿಕೊಟ್ಟರೆ, ‘ಫೋಟೋ ನೋಡಿ ಕನ್ಯಾ ಒಪ್ಪಿದಂಗಾತು’ ಎಂದು ರದ್ದು ಮಾಡಿಸುತ್ತಾರೆ.

ಸರಕಾರದ ಮೇಲೂ ಅವರಿಗೆ ಸಿಟ್ಟಿದೆ. 2022ರ ಜುಲೈ 18ರಿಂದ ಸಾವಿರ ರೂಪಾಯಿ ಒಳಗಿನ ರೂಮಿಗೂ ಶೇಕಡಾ 12ರಷ್ಟು ಜಿಎಸ್‌ಟಿ ಬಂದಾಗ ವಾರಗಟ್ಟಲೆ, ‘ಕಣ್ಣು ಮುಚ್ಚಿದ್ದಕ್ಕೂ ಟ್ಯಾಕ್ಸು!’ ಎಂದು ಗೊಣಗಿದರು. 2025ರ ಸೆಪ್ಟೆಂಬರಿನಲ್ಲಿ ಅದು 5ಕ್ಕೆ ಇಳಿದಾಗ ನಾನೇ ಫೋನು ಮಾಡಿ ಶುಭಾಶಯ ಹೇಳಿದೆ. ‘ಇಳದದ್ದು ಪೇಪರಿನ್ಯಾಗ ಕಾಣ್ತದ, ಬಾಡಿಗ್ಯಾಗ ಕಾಣವಲ್ದು’ ಎಂದರು.

ಬೆಂಗಳೂರಿನಲ್ಲಿ ಮಾಮಾ ಕೈಮುಗಿಯುವುದು ಒಂದೇ ಕಡೆ. ರೈಲ್ವೆ ಸ್ಟೇಷನ್ನಿನ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರದ ಮುಂದೆ ಹಾಯುವಾಗ ಟೊಪ್ಪಿಗೆ ತೆಗೆಯುತ್ತಾರೆ. ಊರೂರಿನಿಂದ ಬರುವವರಿಗೆ ತಂಗಲು ನೆಲೆ ಇರಲಿ ಎಂದು ಆ ವ್ಯಾಪಾರಿ 1903ರಲ್ಲಿ ಕಟ್ಟಿಸಿದ ಛತ್ರ ಅದು. ‘ಗಳಿಸಿದ್ದರಾಗ ಮಂದಿಗೆ ಹಾಸಿಗಿ ಹಾಸಿದ ನೋಡು. ಈಗ ಸುಬೇದಾರ್ ಛತ್ರಂ ರೋಡಿನ್ಯಾಗ ರೋಡ್ ಉಳದೈತಿ, ಹೆಸರಿನ್ಯಾಗ ಅಷ್ಟ ಛತ್ರ.’ ಇದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ಅವರ ಮನೆಯ ಕಟ್ಟೆಯ ಮೇಲೆ ಅಪರಿಚಿತರು ಮಲಗಿದ್ದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಬಸ್ಸು ತಪ್ಪಿದವರು, ಸಂತೆಗೆ ಬಂದವರು, ಎತ್ತು ಕಳೆದುಕೊಂಡು ಹುಡುಕುತ್ತ ಬಂದವರು. ಅತ್ತಿ ಎದ್ದು ಕಂಬಳಿ ಕೊಡುತ್ತಿದ್ದರು, ಹೆಸರು ಮುಂಜಾನೆ ಕೇಳುತ್ತಿದ್ದರು. ನಿದ್ದೆಗೆ ರೊಕ್ಕ ಕೊಡುವುದು ಮಾಮಾನಿಗೆ ನೀರಿಗೆ ರೊಕ್ಕ ಕೊಟ್ಟಷ್ಟೇ ಕಷ್ಟ.

ಅಷ್ಟಾದರೂ ಬೆಂಗಳೂರಿನಲ್ಲಿ ನನ್ನ ಮನೆಯಿದ್ದೂ ಲಾಡ್ಜು ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಸಾಮಾನ್ಯವಾಗಿ ಅವರು ಊರಿಗೆ ಮರಳಿದ ಮೇಲೆ. ‘ನಿಮಗ್ಯಾಕ ತ್ರಾಸು’ ಎನ್ನುತ್ತಾರೆ. ವಿಜಯನಗರದ ನಮ್ಮ ಎರಡು ಕೋಣೆಯ ಮನೆಗೆ ಒಮ್ಮೆ ಬಂದಿದ್ದರು, ಅತ್ತಿಯನ್ನು ಹೃದಯದ ತಪಾಸಣೆಗೆ ಕರೆದುಕೊಂಡು. ಮಗಳಿಗೆ ಪರೀಕ್ಷೆಯಿತ್ತು. ಮುಂಜಾನೆ ಚಹಾ ಕೊಡುವಾಗ, ‘ಮಾಮಾ, ಬಸ್ಸು ಎಷ್ಟಕ್ಕ?’ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

ಹೋದ ತಿಂಗಳು ಮತ್ತೆ ಬಂದಿದ್ದರು. ಮೆಜೆಸ್ಟಿಕ್ಕಿನ ಖಾನಾವಳಿಯಲ್ಲಿ ರೊಟ್ಟಿ ತಿಂದೆವು. ಒಂದು ಲಾಡ್ಜಿಗೆ ಫೋನು ಹಚ್ಚಿಕೊಡು, ಚಸ್ಮಾ ಮರೆತೀನಿ ಎಂದು ಕಿಸೆಯಿಂದ ಎಲ್‌ಐಸಿ ಡೈರಿ ತೆಗೆದು ಕೊಟ್ಟರು. ಹಳೆಯ ಡೈರಿ, ಎಣ್ಣೆ ಹತ್ತಿದ ಅಂಚು. ಪುಟಕ್ಕೊಂದು ಲಾಡ್ಜು, ಕೋರ್ಟಿನ ಕಾಗದದಷ್ಟು ಅಚ್ಚುಕಟ್ಟು. ಬಾಡಿಗಿ, ಬಿಸಿನೀರು, ತಿಗಣಿ, ಚೆಕ್‌ಔಟ್. ನಂಬರು ಹುಡುಕುತ್ತ ತಿರುವಿದೆ. ಕೊನೆಗೆ ‘ವ’ ಅಕ್ಷರದ ಪುಟ ಬಂತು.

ವಿಜಯನಗರ, ಅಳಿಯನ ಮನಿ.
ಬಾಡಿಗಿ: ಇಲ್ಲ.
ಬಿಸಿನೀರು: ಯಾವಾಗ ಬೇಕಾದರೂ.
ತಿಗಣಿ: ಇಲ್ಲ.
ಚೆಕ್‌ಔಟ್: ಮುಂಜಾನೆ 8.

‘ಸಿಕ್ತೇನ್ ಅಳ್ಯಾ ನಂಬರು?’ ಎಂದರು ಮಾಮಾ, ರೊಟ್ಟಿ ಮುರಿಯುತ್ತ.