ಭಾವನ ಭೂತಗನ್ನಡಿ

ನಮ್ಮ ಭಾವನ ಅಂಗಿಯ ಜೇಬಿನಲ್ಲಿ ಪೆನ್ನಿರುವುದಿಲ್ಲ, ರೈಲ್ವೆ ಪಾಸೂ ಇರುವುದಿಲ್ಲ. ಇರುವುದು ಹಿತ್ತಾಳೆಯ ಒಂದು ಪುಟ್ಟ ಭೂತಗನ್ನಡಿ. ಬಿಚ್ಚಿ ಬಟ್ಟೆಯ ಮೇಲೆ ನಿಲ್ಲಿಸಿದರೆ ಇಂಚು ಉದ್ದ, ಇಂಚು ಅಗಲದ ಕಿಟಕಿ. ಅದರೊಳಗೆ ಇಣುಕಿ ಹಾಸು ಎಷ್ಟೆಳೆ, ಹೊಕ್ಕು ಎಷ್ಟೆಳೆ ಎಂದು ಎಣಿಸಬಹುದು. ಭಿವಂಡಿಯವರು ಪಿಕ್ ಗ್ಲಾಸ್ ಎನ್ನುತ್ತಾರೆ. ಮದುವೆಗೆ ಹೋದರೆ ಭಾವ ಅಕ್ಷತೆ ಹಾಕುವ ನೆವದಲ್ಲಿ ಇದನ್ನು ವರನ ಶಲ್ಯದ ತುದಿಗಿಟ್ಟು ನೋಡಿ, ಊಟದ ಪಂಕ್ತಿಯಲ್ಲಿ ಕೂತು, "ಹುಡುಗಿ ಕಡೆಯವರಿಗೆ ಅಂಗಡಿಯವನು ಟೋಪಿ ಹಾಕಿದ್ದಾನೆ" ಎಂದು ಘೋಷಿಸುತ್ತಾರೆ. ಹೀಗಾಗಿ ಡೊಂಬಿವಲಿಯ ಕೆಲವು ಮನೆಗಳಿಂದ ಈಗ ಅಕ್ಕನಿಗೆ ಮಾತ್ರ ಆಮಂತ್ರಣ ಬರುತ್ತದೆ.

ಭಾವ ಮೊದಲಿಗೆ ಲೋವರ್ ಪರೇಲಿನ ಒಂದು ಗಿರಣಿಯ ಫೋಲ್ಡಿಂಗ್ ಖಾತೆಯಲ್ಲಿದ್ದವರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಕರೆಗೆ ಓಗೊಟ್ಟು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದಾಗ ಇವರೂ ಬಂದರು. ಒಳಹೋಗುವ ದಿನ ಬರಲೇ ಇಲ್ಲ. ಮುಷ್ಕರ ಮುಗಿಯಿತೆಂದು ವಿಧಿವತ್ತಾಗಿ ಯಾರೂ ಸಾರಲಿಲ್ಲವಾದ್ದರಿಂದ, "ಕಾನೂನು ಪ್ರಕಾರ ನಾನಿನ್ನೂ ಮುಷ್ಕರದಲ್ಲಿದ್ದೇನೆ" ಎಂಬುದು ಅಕ್ಕ ಕೊತ್ತಂಬರಿ ತರಲು ಹೇಳಿದಾಗಲೆಲ್ಲ ಅವರು ಕೊಡುವ ಉತ್ತರ. ಗಿರಣಿಗಳ ಕೆಲಸ ಭಿವಂಡಿಯ ಪವರ್‌ಲೂಮುಗಳಿಗೆ ಹರಿದುಹೋಯಿತು. ಅದರ ಹಿಂದೆಯೇ ಭಾವನೂ ಹೋದರು, ಬಟ್ಟೆ ಚೆಕ್ ಮಾಡುವ ಕೆಲಸಕ್ಕೆ.

ಭಿವಂಡಿಯಲ್ಲಿ ಮಗ್ಗದಿಂದ ಇಳಿಯುವ ಬಟ್ಟೆ ಬಹುಪಾಲು ಗ್ರೇ. ಬಣ್ಣವಿಲ್ಲ, ಹೂವಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ಅವೆಲ್ಲ ಬೇರೆ ಊರುಗಳಲ್ಲಿ ಅಂಟಿಕೊಳ್ಳುತ್ತವೆ. ಅಲ್ಲಿ ದಶಕಗಟ್ಟಲೆ ಬರಿಯ ಬಟ್ಟೆಯನ್ನಷ್ಟೇ ನೋಡಿದ ಮನುಷ್ಯನಿಗೆ ಬಣ್ಣ ತೋರಿಸಿ ಮೋಸ ಮಾಡಲಾಗುವುದಿಲ್ಲ, ಹೆಸರು ಹೇಳಿ ಹೆದರಿಸಲೂ ಆಗುವುದಿಲ್ಲ. ಅವರ ಲೋಕದಲ್ಲಿ ವರ್ಣಾಶ್ರಮ ಬೇರೆಯೇ: ಫ್ರೆಶ್, ಸೆಕೆಂಡ್ಸ್, ಫೆಂಟ್, ರ‍್ಯಾಗ್, ಕೊನೆಗೆ ಚಿಂದಿ. ಮನುಷ್ಯರನ್ನೂ ಅವರು ಹೀಗೆಯೇ ವಿಂಗಡಿಸುತ್ತಾರೆ. ನಾನು ಅಕ್ಕನ ತಮ್ಮನೆಂಬ ದಾಕ್ಷಿಣ್ಯಕ್ಕೆ ಸೆಕೆಂಡ್ಸ್‌ನಲ್ಲಿ ಉಳಿದಿದ್ದೇನೆ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಐರೋಲಿಯ ಐಟಿ ಕಂಪನಿಗೆ ಸೇರಿ, ಹಳೆಯ ಡಿಸೈನರ್ ಬಟ್ಟೆಗಳನ್ನು ಹರಾಜಿನಲ್ಲಿ ಕೊಳ್ಳುವ ಹುಚ್ಚು ಹಚ್ಚಿಕೊಂಡಳು. ವಿಂಟೇಜ್ ಎನ್ನಿಸಿಕೊಳ್ಳಲು ಬಟ್ಟೆಗೆ ಇಪ್ಪತ್ತು ವರ್ಷವಾದರೂ ಆಗಿರಬೇಕಂತೆ. "ಹಾಗಾದರೆ ನಿಮ್ಮಪ್ಪನ ಬನಿಯನ್ನುಗಳನ್ನು ಯಾಕೆ ಬಿಟ್ಟಿದ್ದೀ?" ಎಂದು ಅಕ್ಕ ಕೇಳಿದಳು.

ಮಗಳು ಫೋನಿನಲ್ಲಿ ಜಗತ್ತಿನ ದೊಡ್ಡ ಹರಾಜುಗಳನ್ನು ತೋರಿಸುತ್ತ ಅಪ್ಪನಿಗೆ ಪಾಠ ಶುರುಮಾಡಿದಳು. ಮರಿಲಿನ್ ಮನ್ರೋ 1962ರಲ್ಲಿ ಕೆನಡಿಯ ಹುಟ್ಟುಹಬ್ಬದ ಹಾಡು ಹಾಡಿದಾಗ ತೊಟ್ಟ ಉಡುಪು 2016ರಲ್ಲಿ 48 ಲಕ್ಷ ಡಾಲರಿಗೆ ಹೋಯಿತು. ಭಾವ ಕನ್ನಡಕ ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ: "ಮೀಟರ್ ಎಷ್ಟು ಹಿಡಿದಿದೆ?" ಮೈಗಂಟಿದ ತೆಳು ರೇಷ್ಮೆ, ಮೇಲೆ ಸಾವಿರಾರು ಹರಳು, ತೊಟ್ಟಮೇಲೆ ಮೈಮೇಲೆಯೇ ಹೊಲಿದದ್ದು ಎಂದು ಮಗಳು ವಿವರಿಸಿದಳು. ಮೈಮೇಲೆ ಹೊಲಿದದ್ದು ಎಂಬ ಮಾತಿಗೆ ಭಾವ ಹೌಹಾರಿದರು. ಅಂದರೆ ಹೊಲಿಗೆಗೆ ಬಿಟ್ಟ ಬಟ್ಟೆಯೇ ಇಲ್ಲ! 2022ರಲ್ಲಿ ಕಿಮ್ ಕರ್ದಾಶಿಯನ್ ಅದನ್ನು ತೊಟ್ಟು ಬಂದ ಮೇಲೆ, ಬಟ್ಟೆ ಹಿಗ್ಗಿತು, ಹರಳು ಉದುರಿತು ಎಂದು ಕೆಲವರು, ಏನೂ ಆಗಿಲ್ಲ ಎಂದು ಅದರ ಒಡೆಯರು ಜಗಳವಾಡಿದ್ದನ್ನೂ ಅವಳು ಹೇಳಿಬಿಟ್ಟಳು. ಹೇಳಬಾರದಿತ್ತು. ಭಾವನ ಬಳಿ ನಾಲ್ಕು ಪಾಯಿಂಟ್ ಪದ್ಧತಿ ಇದೆ: ಮೂರಿಂಚಿನ ತನಕದ ದೋಷಕ್ಕೆ ಒಂದು ಪಾಯಿಂಟು, ಆರರ ತನಕ ಎರಡು, ಒಂಬತ್ತರ ತನಕ ಮೂರು, ಅದಕ್ಕೂ ಮೀರಿದರೆ ನಾಲ್ಕು, ನೂರು ಚದರ ಗಜಕ್ಕೆ ನಲವತ್ತು ದಾಟಿದರೆ ಮಾಲು ವಾಪಸ್ಸು. ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿ, ಹಿಂಭಾಗದ ಸೀಮಿಗೆ ನಾಲ್ಕು ಪಾಯಿಂಟು ಹಾಕಿ, "ಸೆಕೆಂಡ್ಸ್" ಎಂದು ತೀರ್ಪು ಕೊಟ್ಟರು. ಅಮೆರಿಕದ ಅಧ್ಯಕ್ಷರ ಎದುರು ಮೆರೆದ ಬಟ್ಟೆ ಡೊಂಬಿವಲಿ ಪೂರ್ವದ ಎರಡನೇ ಮಹಡಿಯಲ್ಲಿ ಹೀಗೆ ದರ್ಜೆ ಕಳೆದುಕೊಂಡಿತು.

ನಟಿ ಆಡ್ರೆ ಹೆಪ್‌ಬರ್ನ್‌ಳ ಕಪ್ಪು ಗೌನಿನ ಕಥೆಗೆ ಮಾತ್ರ ಭಾವ ಸ್ವಲ್ಪ ಮೆತ್ತಗಾದರು. ಜಿವಾಂಶಿ ಹೊಲಿದ ಆ ಗೌನು 2006ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ 4,67,200 ಪೌಂಡಿಗೆ ಹೋಗಿ, ಹಣ ಲೇಖಕ ಡೊಮಿನಿಕ್ ಲಾಪಿಯೇರ್ ಅವರ ಸಂಸ್ಥೆಯ ಮೂಲಕ ಬಂಗಾಳದ ಬಡಮಕ್ಕಳಿಗೆ ಬಂತು. "ಹೌದಾ? ಹಾಗಾದರೆ ಫ್ರೆಶ್ ಇರಬಹುದು" ಎಂದರು, ನೋಡದೆಯೇ. ಅದಕ್ಕಿಂತ ಹೆಚ್ಚು ಅವರನ್ನು ಕಾಡಿದ್ದು ನಮ್ಮ ಪ್ರಧಾನಿಯವರ ಸೂಟು. ಮೈತುಂಬ ಅವರ ಹೆಸರೇ ಗೆರೆಗಳಾಗಿದ್ದ ಆ ಸೂಟು 2015ರ ಫೆಬ್ರವರಿಯಲ್ಲಿ ಸೂರತ್ತಿನಲ್ಲಿ 4.31 ಕೋಟಿ ರೂಪಾಯಿಗೆ ಹರಾಜಾಗಿ, ಹಣ ಗಂಗೆಯ ಶುದ್ಧಿಗೆ ಹೋಗಿ, ಗಿನ್ನೆಸ್ ದಾಖಲೆಯೂ ಆಯಿತು. ಕೊಂಡವರು ವಜ್ರದ ವ್ಯಾಪಾರಿ. ದೇಶವೆಲ್ಲ ರಾಜಕೀಯ ಚರ್ಚಿಸುತ್ತಿದ್ದಾಗ ಭಾವನಿಗಿದ್ದ ಸಂಶಯ ಒಂದೇ: ಅಕ್ಷರ ಅಚ್ಚು ಹಾಕಿದ್ದೋ, ನೇಯ್ದದ್ದೋ? ನೇಯ್ದದ್ದಾದರೆ ಆ ಮಗ್ಗ ಓಡಿಸಿದವನಿಗೆ ಎಷ್ಟು ಕೊಟ್ಟರು? ಈ ಪ್ರಶ್ನೆಯನ್ನು ಅವರು ಟಿವಿಯನ್ನೇ ನೋಡಿ ಕೇಳುತ್ತಿದ್ದರು, ಟಿವಿಯವರು ಉತ್ತರಿಸಲಿಲ್ಲ.

ನನಗೇನೋ ವಿಷಯ ಆಗಲೇ ತಿಳಿಯಾಗಿತ್ತು. ಹರಾಜಿನಲ್ಲಿ ಬಟ್ಟೆ ಹೋಗುವುದು ಅದರೊಳಗೆ ಒಮ್ಮೆ ಇದ್ದವರ ಲೆಕ್ಕದಲ್ಲಿ. ಬಟ್ಟೆ ನೋಡಲು ಕೂತವನಿಗೆ ಅಲ್ಲಿ ಕೆಲಸವಿಲ್ಲ. ಇದನ್ನು ಭಾವನಿಗೆ ಹೇಳುವ ಧೈರ್ಯ ಮಾತ್ರ ನನಗಿರಲಿಲ್ಲ.

ಮಗಳು ಕಡೆಗೊಂದು ಜಾಕೆಟ್ಟನ್ನು ಆರಿಸಿಕೊಂಡಳು. ಆನ್‌ಲೈನ್ ಹರಾಜು, 1950ರ ದಶಕದ್ದು, ಪ್ಯಾರಿಸ್ಸಿನದು ಎಂದು ವಿವರಣೆ. ಅಪ್ಪನ ರಕ್ತ ಎಲ್ಲಿಗೆ ಹೋಗುತ್ತದೆ? ಒಳಮಗ್ಗುಲಿನ ಫೋಟೋ ತರಿಸಿದಳು. ಅಲ್ಲಿ ಪಟ್ಟಿಯ ಮೇಲೆ ಒಗೆಯುವ ತೊಟ್ಟಿಯ ಚಿತ್ರ, ಇಸ್ತ್ರಿಪೆಟ್ಟಿಗೆಯ ಚಿತ್ರ. ಆ ಚಿಹ್ನೆಗಳಿಗೆ ಒಂದು ಕ್ರಮ ತಂದ ಸಂಸ್ಥೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದೇ 1963ರಲ್ಲಿ. ಅಮೆರಿಕದಲ್ಲಿ ಒಗೆತದ ಸೂಚನೆ ಕಡ್ಡಾಯವಾದದ್ದು 1972ರಲ್ಲಿ. ಸಾಲದ್ದಕ್ಕೆ ನೈಲಾನ್ ಸುರುಳಿಯ ಝಿಪ್ಪು, ಆ ಕಾಲದಲ್ಲಿ ಲೋಹದ ಹಲ್ಲಿರಬೇಕಾದ ಕಡೆ. "ನಮ್ಮ ಉಲ್ಲಾಸನಗರದ್ದೇ ಇರಬೇಕು" ಎಂದು ಭಾವ ಹೆಮ್ಮೆಯಿಂದ ಹೇಳಿದರು. ದೇಶವಿಭಜನೆಯ ನಂತರ ಸಿಂಧಿಗಳು ಮಿಲಿಟರಿ ಕ್ಯಾಂಪಿನಲ್ಲಿ ಕಟ್ಟಿದ ಆ ಊರಿನಲ್ಲಿ 'ಮೇಡ್ ಇನ್ ಯುಎಸ್‌ಎ' ಎಂದರೆ ಉಲ್ಲಾಸನಗರ್ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ಜೋಕು ಕಲ್ಯಾಣದ ಲೋಕಲ್ಲಿನಲ್ಲಿ ಈಗಲೂ ಟಿಕೆಟ್ಟಿಲ್ಲದೆ ಓಡಾಡುತ್ತದೆ.

ಅದನ್ನು ಬಿಟ್ಟು ಆರಿಸಿದ ಎರಡನೆಯ ಜಾಕೆಟ್ಟು ಎಂಬತ್ತರ ದಶಕದ್ದು, ಚೌಕುಳಿ ಉಣ್ಣೆ. ಅದನ್ನು ಕೂಗಿ ಗೆದ್ದಳು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜಿನವರ ಶೇಕಡಾ ಇಪ್ಪತ್ತು, ಆಮೇಲೆ ಜಿಎಸ್‌ಟಿ ಎಂದು ಗೊತ್ತಾದಾಗ ಭಾವನಿಗೆ ಉಸಿರು ಸಿಕ್ಕಿಕೊಂಡಿತು. ಭಿವಂಡಿಯ ದಲಾಲಿಯೊಬ್ಬ ನೂರಕ್ಕೆ ಇಪ್ಪತ್ತು ಕೇಳಿದ್ದರೆ ಅಂಜೂರ್ ಫಾಟಾದ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದರಂತೆ.

ಆದರೆ ಜಾಕೆಟ್ಟು ಮನೆಗೆ ಬಂದ ದಿನ ಅವರನ್ನು ನೋಡಬೇಕಿತ್ತು. ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿದರು. ಜಾಕೆಟ್ಟಿನ ಮುಖವನ್ನು ನೋಡಲೇ ಇಲ್ಲ, ಬಂದದ್ದೇ ತಡ ಒಳಮಗ್ಗುಲು ಹೊರಗಾಗಿ ತಿರುಗಿಸಿದರು. ಹೊಲಿಗೆಯ ಅಂಚಿನಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿದ್ದನ್ನು ಕಂಡು ಮೊದಲ ಸಲ ತಲೆದೂಗಿದರು. ಬಟ್ಟೆ ಉಳಿಸಬೇಕೆಂದು ಲೆಕ್ಕ ಹಾಕಿ ಕತ್ತರಿಸಿದವನ ಕೆಲಸವಲ್ಲ ಇದು. ತೊಟ್ಟವರು ದಪ್ಪಗಾದರೆ ಬಿಚ್ಚಿ ಹೊಲಿಯಲಿ ಎಂದು ಇಟ್ಟದ್ದು. ಜೇಬಿನ ಪಟ್ಟಿಯ ಚೌಕುಳಿ ಮೈಯ ಚೌಕುಳಿಗೆ ಗೆರೆ ತಪ್ಪದೆ ಕೂಡುತ್ತದೆಯೇ, ತೋಳಿನ ಅಡ್ಡಗೆರೆ ಎದೆಯ ಅಡ್ಡಗೆರೆಯನ್ನು ಮುಟ್ಟುತ್ತದೆಯೇ, ಕಾಜಿನ ದಾರ ಕೈಯದೋ ಮೆಷಿನ್ನಿನದೋ, ಅಸ್ತರು ಸಡಿಲವಾಗಿ ಮಡಿಕೆ ಬಿಟ್ಟು ಕೂತಿದೆಯೋ ಬಿಗಿದಿದೆಯೋ, ಒಂದೊಂದನ್ನೂ ಬೆರಳಲ್ಲಿ ಓದಿದರು. ಶನೆಲ್‌ನವರು ಜಾಕೆಟ್ಟು ನೆಟ್ಟಗೆ ಇಳಿಯಲೆಂದು ಕೆಳ ಅಂಚಿನ ಒಳಗೆ ಸಣ್ಣ ಸರಪಳಿ ಹೊಲಿಯುತ್ತಾರೆ ಎಂದು ಮಗಳು ಹೇಳಿದಾಗ, ಕಾಣದ ಕಡೆ ದುಡ್ಡು ಹಾಕುವವರೂ ಜಗತ್ತಿನಲ್ಲಿದ್ದಾರೆಂದು ತಿಳಿದು ಒಂದು ನಿಮಿಷ ಸುಮ್ಮನೆ ಕೂತರು. ಅಪ್ಪ ಮಗಳು ಅಷ್ಟು ಹೊತ್ತು ಜಗಳವಿಲ್ಲದೆ ಒಂದೇ ಮೇಜಿಗೆ ಬಾಗಿದ್ದನ್ನು ನಾನು ಕಂಡದ್ದು ಅವಳ ಎಸ್ಸೆಸ್ಸೆಲ್ಸಿ ಲೆಕ್ಕದ ನಂತರ ಅದೇ ಮೊದಲು.

ಅಷ್ಟರಲ್ಲಿ ಭಾವ ಅಡುಗೆಮನೆಯಿಂದ ಬೆಂಕಿಪೊಟ್ಟಣ ತಂದರು. ಅಂಚಿನಿಂದ ಒಂದೆಳೆ ಕಿತ್ತು ಸುಡುವುದು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಇಲ್ಲವೇ ರೇಷ್ಮೆ, ಕಾಗದದ ವಾಸನೆ ಬಂದರೆ ಹತ್ತಿ, ಕರಗಿ ಮಣಿಯಾದರೆ ಪಾಲಿಯೆಸ್ಟರ್. ಮಗಳು ಕಿರುಚಿದ್ದಕ್ಕೆ ಎದುರು ಬಿಲ್ಡಿಂಗಿನವರು ಕಿಟಕಿ ತೆರೆದರು. ಎಳೆಯೇನೋ ಸುಟ್ಟಿತು. ಕೂದಲಿನ ವಾಸನೆಯೇ ಬಂತು. ಅದು ಜಾಕೆಟ್ಟಿನದೋ, ಬಗ್ಗಿ ನೋಡುತ್ತಿದ್ದ ಭಾವನ ಹುಬ್ಬಿನದೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ.

ನಾನು ಲೆಕ್ಕ ಬರೆಯುವುದು ಮಾಣಕೋಲಿಯ ಆಚೆಯ ಒಂದು ಗೋದಾಮಿನಲ್ಲಿ. ಮುಂಬಯಿಯ ಜಕಾತಿ ಗಡಿಯ ಹೊರಗೆಂಬ ಕಾರಣಕ್ಕೆ ಭಿವಂಡಿ ಸುತ್ತಿನ ಭತ್ತದ ಗದ್ದೆಗಳಲ್ಲಿ ಎದ್ದ ಗೋದಾಮುಗಳು ಈಗ ದೇಶದ ಆನ್‌ಲೈನ್ ವ್ಯಾಪಾರದ ಉಗ್ರಾಣ. ಅಲ್ಲಿಂದ ಹೊರಟ ಬಟ್ಟೆಯಲ್ಲಿ ಒಂದು ಪಾಲು, ಒಂದು ಸಂಜೆ ಯಾರದೋ ಮೈಮೇಲೆ ಪಾರ್ಟಿಗೆ ಹೋಗಿ, 'ಸೈಜು ಸರಿಯಿಲ್ಲ' ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಇಂಥವನ್ನು ಲಾಟ್ ಮಾಡಿ ಕೂಗುತ್ತಾರೆ. ಟೇಪು ಬಿಚ್ಚುವಂತಿಲ್ಲ. ಇದ್ದದ್ದು ಇದ್ದ ಹಾಗೆ, ಇದ್ದಲ್ಲೇ. ಮಗಳು ತೋರಿಸಿದ ಹರಾಜಿನ ಷರತ್ತುಗಳಲ್ಲೂ ಅದೇ ವಾಕ್ಯವಿತ್ತು. ಕೋಟಿಯ ಗೌನಿಗೂ ಕಿಲೋ ಲೆಕ್ಕದ ಕುರ್ತಾಕ್ಕೂ ಒಂದೇ ಶಾಸನ. ವ್ಯತ್ಯಾಸವೆಂದರೆ, ಇಲ್ಲಿ ಒಳಗಿದ್ದವರು ಯಾರೆಂದು ಗೊತ್ತಾದರೆ ಬೆಲೆ ಇಳಿಯುತ್ತದೆ.

ಭಾವನೂ ಗ್ಲಾಸು ಜೇಬಿನಲ್ಲೇ ಬಿಟ್ಟು ಕೂಗುವ ಹರಾಜು ಒಂದಿದೆ. ನವರಾತ್ರಿ ಮುಗಿದ ಮೇಲೆ ನಮ್ಮ ಕಡೆಯವರ ಪೂಜೆಯಲ್ಲಿ ದೇವಿಗೆ ಉಡಿಸಿದ ಸೀರೆಯ ಏಲಂ. ಹೋಟೆಲಿನವರು, ಸಾರಿಗೆಯವರು, ಒಬ್ಬರ ಮೇಲೊಬ್ಬರು ಏರಿಸುತ್ತಾರೆ. ಒಂದು ವರ್ಷ ಭಾವ ಕೈ ಎತ್ತಿ ಒಂದು ಹಸಿರು ಸೀರೆ ಗೆದ್ದುಬಿಟ್ಟರು. ಮನೆಯಲ್ಲಿ ಅಕ್ಕ ಸೆರಗು ಉಜ್ಜಿ ನೋಡಿ, "ಪಾಲಿಯೆಸ್ಟರು" ಎಂದಳು. "ಉಟ್ಟವರು ಯಾರು ಅಂತ ನೋಡು" ಎಂದರು ಭಾವ ಗದರುವ ದನಿಯಲ್ಲಿ. ಮಗಳು ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಆದರೆ ಉಟ್ಟವರು ಯಾರೆಂದು ಕೇಳದೆ, ಲೇಬಲ್ಲು ಓದದೆ ಬರಿಯ ಬಟ್ಟೆಯನ್ನಷ್ಟೇ ನೋಡುವ ಪರೀಕ್ಷಕಿಯೊಬ್ಬಳು ನಮ್ಮ ಓಣಿಗೆ ಬರುತ್ತಾಳೆ. ಭಾಂಡೀವಾಲಿ. ಹಳೆಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ. ಪ್ಯಾಂಟನ್ನು ಬಿಸಿಲಿಗೆ ಹಿಡಿದು ಆಸನದ ಜಾಗದಲ್ಲಿ ಬೆಳಕು ಬರುತ್ತದೆಯೇ ನೋಡುತ್ತಾಳೆ. ಕಾಲರು ಮಡಚಿ, ಝಿಪ್ಪು ಎಳೆದು, ಕಂಕುಳಿನ ಹೊಲಿಗೆ ಜಗ್ಗಿ, ಯಾವ ಕೋರ್ಸೂ ಮಾಡದೆ ಅರ್ಧ ನಿಮಿಷದಲ್ಲಿ ಬೆಲೆ ಕಟ್ಟುತ್ತಾಳೆ. ಭಾವ ಭೂಮಿಯ ಮೇಲೆ ಗೌರವ ಕೊಡುವುದು ಇವಳೊಬ್ಬಳಿಗೇ.

ಈಚೆಗೆ ಅಕ್ಕ ಕಪಾಟು ಖಾಲಿ ಮಾಡುತ್ತ ಭಾವನ ಮದುವೆಯ ಕಾಲದ ಟೆರಿಕಾಟ್ ಸಫಾರಿ ಸೂಟನ್ನು ಅವಳ ಮುಂದೆ ಹಾಕಿದಳು. ಚಹಾ ಸೋಸುವ ಜರಡಿ ಕೊಡುತ್ತೇನೆಂದಳು ಅವಳು. ಒಳಗಿನಿಂದ ಓಡಿಬಂದ ಮಗಳು ಸೂಟು ನೋಡಿ, "ಅಮ್ಮಾ, ಇದು ಒರಿಜಿನಲ್ಲು!" ಎಂದು ಇನ್ನೂರು ರೂಪಾಯಿ ಕೂಗಿದಳು. ಭಾಂಡೀವಾಲಿ ಜರಡಿಯ ಜೊತೆಗೊಂದು ವಾಟಿ ಇಟ್ಟಳು. ಮಗಳು ಮುನ್ನೂರಕ್ಕೆ ಏರಿದಳು. ಅಷ್ಟರಲ್ಲಿ ಮಾಲೀಕರೇ ಹೊರಬಂದು, ಸೂಟಿನ ಎದೆಯ ಮೇಲೆ ಗ್ಲಾಸು ನಿಲ್ಲಿಸಿ, ಒಂದೆಳೆ ಅತ್ತಿತ್ತ ಆಗಿಲ್ಲ, ಬಣ್ಣ ಕದಲಿಲ್ಲ, ಪಕ್ಕಾ ಫ್ರೆಶ್ ಎಂದು ಎರಡೂ ಕಡೆಯವರಿಗೆ ಹಿಂದಿಯಲ್ಲಿ ಭಾಷಣ ಶುರುಮಾಡಿದರು. ಭಾಂಡೀವಾಲಿ ಯೋಚಿಸಿ, ಜರಡಿ ಹಿಂದಕ್ಕಿಟ್ಟು, ಒಂದು ತಪ್ಪಲೆಯನ್ನೂ ಅದರ ಮುಚ್ಚಳವನ್ನೂ ತೆಗೆದು ಮುಂದಿಟ್ಟಳು.

"ಇದರ ಒಳಗಿದ್ದವರನ್ನೂ ಸೇರಿಸಿ ಕೊಟ್ಟರೆ ಎಷ್ಟು?" ಎಂದು ಕೇಳಿದಳು ಅಕ್ಕ.

ಭಾಂಡೀವಾಲಿ ಭಾವನನ್ನು ಒಮ್ಮೆ ಮುಂದಿನಿಂದ, ಒಮ್ಮೆ ಪಕ್ಕದಿಂದ ನೋಡಿದಳು. ಏನೂ ಹೇಳಲಿಲ್ಲ. ಮುಚ್ಚಳವನ್ನು ವಾಪಸು ಬುಟ್ಟಿಗೆ ಹಾಕಿಕೊಂಡಳು.