ಏಜಂಟರು ಕ್ಷಮಿಸಿ

ಉಣಕಲ್ ಕೆರೆ ದಾಟಿದ ಚಿಗರಿ ಬಸ್ಸಿನಿಂದ ಬೈರಿದೇವರಕೊಪ್ಪದಲ್ಲಿ ಇಳಿದು, ಪಿ.ಬಿ. ರಸ್ತೆಯ ಗದ್ದಲ ಬಿಟ್ಟು ಒಳಗಿನ ಓಣಿಗೆ ಹೊರಳಿದರೆ ಒಂದು ಗೇಟಿಗೆ ತಂತಿಯಿಂದ ಬಿಗಿದ ತಗಡಿನ ಬೋರ್ಡು ಸಿಗುತ್ತದೆ. ಹಳದಿಯ ಮೇಲೆ ಕೆಂಪು ಅಕ್ಷರ: 'ಮನೆ ಮಾರುವುದಿದೆ. 30x40. ನೇರ ಮಾಲಕರಿಂದ. ಏಜಂಟರು ಕ್ಷಮಿಸಿ.' ಕೆಳಗೊಂದು ಮೊಬೈಲ್ ನಂಬರು. ಅದರ ಕೊನೆಯ ಅಂಕಿ ಒಂದೋ ಏಳೋ ಎಂಬುದು ತುಕ್ಕಿಗೆ ಮಾತ್ರ ಗೊತ್ತು. 'ಕ್ಷಮಿಸಿ' ಎಂಬುದರ ಮೇಲೆಯೇ ಯಾರೋ ಏಜಂಟ ತನ್ನ ಸ್ಟಿಕ್ಕರ್ ಬಡಿದಿದ್ದಾನೆ: 'ಮನೆ, ಪ್ಲಾಟ್, ಜಮೀನು ಕೊಡಿಸಲಾಗುವುದು, ಮಾರಿಸಲಾಗುವುದು.'

ಮನೆ ಮಾರಿಸಿದ್ದಕ್ಕೆ ಇಂತಿಷ್ಟು ಅಂತ ಗುತ್ತಿಗೆ ರೊಕ್ಕ ಕೊಡುವುದು ಲೇಸೋ, ಶೇಕಡಾ ಲೆಕ್ಕದ ದಲಾಲಿ ಲೇಸೋ? ಮಾರುವವರು, ಕೊಳ್ಳುವವರು, ಏಜಂಟರು ಮೂವರೂ ತಮ್ಮ ತಮ್ಮ ಕಿಸೆ ಮುಟ್ಟಿಕೊಂಡೇ ಉತ್ತರ ಹೇಳುತ್ತಾರೆ. ಆದ್ದರಿಂದ ಕಿಸೆಯೇ ಇಲ್ಲದ ಈ ಬೋರ್ಡನ್ನು ಮಾತನಾಡಿಸಿದ್ದಾಯಿತು.

ಪ್ರಶ್ನೆ: ನಮಸ್ಕಾರ ಬೋರ್ಡಪ್ಪನವರೇ. ಇಲ್ಲಿ ಯಾವಾಗಿನಿಂದ ಇದ್ದೀರಿ?

ಬೋರ್ಡು: ಬರ್ರಿ, ಬರ್ರಿ. ಗೇಟಿಗೆ ಆನಿಕೋಬ್ಯಾಡ್ರಿ, ಬಣ್ಣ ಹಸಿ ಐತಿ. ಇರೋತನಕ ಹಚ್ಚಸಲಿಲ್ಲ, ಮಾರೋ ಮುಂದ ಹಚ್ಚಸ್ಯಾರ. ನನ್ನ ಕಟ್ಟಿದ್ದು ಹೋದ ವರ್ಷ ಯುಗಾದಿ ಪಾಡ್ಯಾಕ್ಕ. 'ದೀಪಾವಳಿಯೊಳಗ ಹೋಗಿಬಿಡ್ತೈತಿ' ಅಂದಿದ್ರು ನಮ್ಮ ಮಾಲಕರು. ಯಾವ ದೀಪಾವಳಿ ಅಂತ ಹೇಳಿರಲಿಲ್ಲ.

ಪ್ರಶ್ನೆ: ಏಜಂಟರೇ ಬೇಡ ಎನ್ನುವಷ್ಟು ಸಿಟ್ಟು ಯಾಕೆ?

ಬೋರ್ಡು: ಸಿಟ್ಟಲ್ರೀ, ಲೆಕ್ಕಾ. ಮನಿಗೆ 60 ಲಕ್ಷ ಹೇಳ್ಯಾರ. 2 ಪರ್ಸೆಂಟ್ ಅಂದ್ರ 1 ಲಕ್ಷ 20 ಸಾವಿರ. 'ಕೀಲಿ ತಗದು ಎರಡು ಖೋಲಿ ತೋರಸಾಕ ಇಷ್ಟ್ಯಾಕ?' ಅಂತ ಮಾಲಕರು ಎರಡು ರಾತ್ರಿ ನಿದ್ದಿಗೆಟ್ರು. ಮೂರನೇ ದಿವಸ ಪೇಂಟರ್ ಕಡೆ ಹೋಗಿ 600 ರೂಪಾಯಿಗೆ ನನ್ನ ಬರಿಸಿದ್ರು, ಅದೂ 800ರಿಂದ ಚೌಕಾಶಿ ಮಾಡಿ. ಹಂಗ ನೋಡಿದ್ರ ಗುತ್ತಿಗೆ ರೊಕ್ಕದ ಏಜಂಟ ನಾನ ಈ ಓಣ್ಯಾಗ. ಮನಿ ಹೋದ್ರೂ 600, ಹೋಗದಿದ್ರೂ 600.

ಪ್ರಶ್ನೆ: ಫೋನ್ ಬಂದವೇ?

ಬೋರ್ಡು: ಬಂದಿದ್ದಕ್ಕ ಏನ್ ಕಡಿಮಿ! ಎಲ್ಲಾರೂ ಏಜಂಟರು. 'ನಾ ಏಜಂಟ ಅಲ್ರೀ ಸರ, ನನ್ನ ಕಡೆ ಒಂದು ಪಾರ್ಟಿ ಐತಿ' ಅಂತ ಶುರು ಮಾಡ್ತಾರ. ಖರೇ ಗಿರಾಕಿ ಮಾಡಿದ ಫೋನು ಆ ಒಂದು-ಏಳರ ಗೊಂದಲದಾಗ ಯಾರದೋ ಹಿಟ್ಟಿನ ಗಿರಣಿಗೆ ಹೋಗಿ ಮುಟ್ಟತಾವ. ಗಿರಣಿಯಂವ ಈಗ ಮನಿ ರೇಟ್ ಬರೋಬ್ಬರಿ ಹೇಳಾಕ ಕಲತಾನಂತ.

ಪ್ರಶ್ನೆ: ಇಂತಿಷ್ಟು ಎಂಬ ನಿಗದಿ ಶುಲ್ಕದಲ್ಲಿ ದೋಷವೇ ಇಲ್ಲ ಎನ್ನುತ್ತೀರಾ?

ಬೋರ್ಡು: ಹೊಟ್ಟಿ ಇಲ್ಲದಂವ ಯಾಕ ಸುಳ್ಳ ಹೇಳಲಿ? ರೊಕ್ಕ ಮೊದಲ ಬಂದು ಮುಟ್ಟಿದ ಮ್ಯಾಲ ನನಗೇನ ಅವಸರ? ಮಳಿ ಬಂದ್ರ ತೊಯ್ತೀನಿ, ಗಾಳಿ ಬಂದ್ರ ಸಪ್ಪಳ ಮಾಡ್ತೀನಿ, ಅಷ್ಟ ನನ್ನ ಮಾರ್ಕೆಟಿಂಗು. ಇಂಗ್ಲೆಂಡಿನಾಗ ಪರ್ಪಲ್‌ಬ್ರಿಕ್ಸ್ ಅಂತ ಒಂದು ಕಂಪನಿ, 2014ರಾಗ ಅಂಗಡಿ ತಗೀತು. ಪರ್ಸೆಂಟೇಜ್ ಇಲ್ಲ, ಒಂದ ಶುಲ್ಕ, ಮನಿ ಹೋಗಲಿ ಬಿಡಲಿ ಕೊಡಬೇಕು. ಊರ ತುಂಬ ಹೆಸರಾತು, ಶೇರು ಮಾರುಕಟ್ಟಿಗೂ ಹೋತು. ಕಡೀಕ 2023ರಾಗ ಆ ಕಂಪನಿನ ಮಾರಾಟ ಆತು. ಎಷ್ಟಕ್ಕ ಗೊತ್ತೇನ್ರೀ? 1 ಪೌಂಡಿಗೆ.

ಪ್ರಶ್ನೆ: ಒಂದೇ ಪೌಂಡು?

ಬೋರ್ಡು: 2 ಪರ್ಸೆಂಟ್ ದಲಾಲಿ ಹಿಡಿದ್ರ 2 ಪೆನ್ನಿ. ಅದಕ್ಕ ಯಾವ ಏಜಂಟನೂ ಬರಲಿಲ್ಲ ಕಾಣಸ್ತೈತಿ. ಅಂದ್ರ ಗುತ್ತಿಗೆ ಪದ್ಧತಿನ ಕೆಟ್ಟದ್ದು ಅಂತಲ್ರೀ. ನಮ್ಮ ಬೆಂಗಳೂರಿನ ನೋಬ್ರೋಕರ್ ಸಹಿತ 2014ರಾಗ ಶುರುವಾಗಿದ್ದು, ದಲಾಲಿ ಬ್ಯಾಡ, ಪ್ಲಾನ್ ತಗೋರಿ ಅನ್ನೋ ಧಾಟಿಯೊಳಗ. ಅದು 2021ರಾಗ ನೂರು ಕೋಟಿ ಡಾಲರಿನ ಕಂಪನಿ ಆತು. ಮಂದಿ ತಾವ ತಾವ ಹುಡಿಕ್ಯಾಡೋ ದೊಡ್ಡ ಊರಾಗ ಅದು ನಡೀತೈತಿ. ಇಲ್ಲಿ ಮಂದಿ ಮನಿ ಹುಡಕೋದು ಬೀಗರ ಮದವ್ಯಾಗ, ಚಾದಂಗಡ್ಯಾಗ.

ಪ್ರಶ್ನೆ: ಹಾಗಿದ್ದರೆ ಶೇಕಡಾ ಲೆಕ್ಕವೇ ವಾಸಿ. ಬೆಲೆ ಹೆಚ್ಚು ಬಂದಷ್ಟೂ ಏಜಂಟನಿಗೂ ಹೆಚ್ಚು. ಅವನು ಮಾಲಕರ ಪರವಾಗಿ ಬಡಿದಾಡುತ್ತಾನಲ್ಲ?

ಬೋರ್ಡು: ಎಲ್ಲಾರಿಗೂ ಹಂಗ ಅನಸ್ತೈತಿ. ನಮ್ಮ ಮಾಲಕರೂ ಶ್ರಾವಣದಾಗ ಸೋತು ಒಬ್ಬ ಏಜಂಟನ್ನ ಒಳಗ ಬಿಟ್ಟುಕೊಂಡ್ರು. ನನ್ನನ್ನ ಮಾತ್ರ ತಗೀಲಿಲ್ಲ, ಇರಲಿ ಅಂತ. ಅಂವಗ 2 ಪರ್ಸೆಂಟ್. ಈಗ ಕೇಳ್ರಿ. ಅಮೆರಿಕಾದಾಗ ಲೆವಿಟ್, ಸೈವರ್ಸನ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಶಿಕಾಗೊ ಕಡೆ ಮಾರಾಟ ಆದ ಸುಮಾರು ಒಂದು ಲಕ್ಷ ಮನಿ ಲೆಕ್ಕಾ ತಗದ್ರು. ಅದರಾಗ ಏಜಂಟರ ಸ್ವಂತ ಮನಿನೂ ಇದ್ದು. ಮಂದಿ ಮನಿಕಿಂತ ತಮ್ಮ ಮನಿ ಮಾರೋ ಮುಂದ ಏಜಂಟರು ಹೆಚ್ಚುಕಡಿಮಿ ಒಂಬತ್ತೂವರಿ ದಿವಸ ಹೆಚ್ಚಿಗಿ ಕಾದಿದ್ರು, 3.7 ಪರ್ಸೆಂಟ್ ಹೆಚ್ಚಿಗಿ ಬೆಲಿ ತಗೊಂಡಿದ್ರು. 60 ಲಕ್ಷಕ್ಕ ಅದನ್ನ ಹಿಡೀರಿ: 2 ಲಕ್ಷ 22 ಸಾವಿರ. ಇಷ್ಟೂ ಮಾಲಕರಿಗೆ ಬರೋದು. ಅದರಾಗ ಏಜಂಟಗ ಎಷ್ಟು? 4,440 ರೂಪಾಯಿ. ನಾಕು ಸಾವಿರದ ಸಲುವಾಗಿ ಅಂವ ಹತ್ತು ದಿವಸ ಕಾದು, ಕೈಯಾಗಿನ ಲಕ್ಷ ಇಪ್ಪತ್ತು ಸಾವಿರ ಜಾರಿ ಹೋಗೋಹಂಗ ಮಾಡ್ಕೋತಾನೇನು? 'ಸರ, ಬಂದ ಗಿರಾಕಿ ಬಿಡಬ್ಯಾಡ್ರಿ, ಮಾರ್ಕೆಟ್ ಬಿದ್ದೈತಿ' ಅಂತಾನ.

ಪ್ರಶ್ನೆ: ಮಾರ್ಕೆಟ್ ನಿಜವಾಗಿಯೂ ಬಿದ್ದಿತ್ತೇ?

ಬೋರ್ಡು: ಅಲ್ಲೇ ಐತಿ ಮಜಾ. ಗೇಟಿನ ಒಳಗ ನಿಂತು ಮಾಲಕರಿಗೆ 'ಬಿದ್ದೈತಿ' ಅಂದ. ಗೇಟಿನ ಹೊರಗ ಬಂದು, ನನ್ನ ಕಡೆ ಬೆನ್ನ ಕೊಟ್ಟು, ಗಿರಾಕಿಗೆ ಫೋನ್ ಹಚ್ಚಿದ: 'ಲಗೂನ ಟೋಕನ್ ಕೊಡ್ರಿ, ರೇಟ್ ಏರಾಕತ್ತೈತಿ. ಹುಬ್ಬಳ್ಳಿನೂ ಸಮೀಪ, ಧಾರವಾಡನೂ ಸಮೀಪ, ಮನಿ ಮುಂದ ಚಿಗರಿ, ಜಗತ್ತಿನಾಗ ಉದ್ದನ್ನ ಪ್ಲಾಟ್‌ಫಾರ್ಮ್ ನಿಮ್ಮ ಸ್ಟೇಶನ್ನಿನಾಗ.' 1,507 ಮೀಟರಿನ ಪ್ಲಾಟ್‌ಫಾರ್ಮಿಗೂ ಈ ಮನಿ ಬಚ್ಚಲಕ್ಕೂ ಏನ ಸಂಬಂಧ ಅಂತ ಗಿರಾಕಿ ಕೇಳಲಿಲ್ಲ. ಮೂರು ಹೆಜ್ಜಿ ಅಂತರದಾಗ ಮಾರ್ಕೆಟ್ ಬಿದ್ದು ಎದ್ದಿದ್ದು ನಾ ಒಬ್ಬನ ನೋಡೀನಿ.

ಪ್ರಶ್ನೆ: ಅಂದರೆ ಅವನು ಯಾರ ಕಡೆಯವನು?

ಬೋರ್ಡು: ಮಾಲಕರ ಕಡೆ 2, ಗಿರಾಕಿ ಕಡೆ 2. ಇಬ್ಬರೂ ಕೊಡ್ತಾರ, ಇಬ್ಬರಿಗೂ 'ನಾ ನಿಮ್ಮ ಮನಿ ಮನಶಾ' ಅಂತಾನ. ಅಮೆರಿಕಾದಾಗ ಮಾರೋವನ ಕಿಸೇದಾಗಿಂದನ ಎರಡೂ ಕಡೆ ಏಜಂಟರಿಗೆ ಹೋಗ್ತಿತ್ತು, ಐದಾರು ಪರ್ಸೆಂಟ್. ಮಂದಿ ಕೋರ್ಟಿಗೆ ಹೋದ್ರು. 2023ರಾಗ ಕಾನ್ಸಾಸ್ ಸಿಟಿಯ ಜ್ಯೂರಿ ಮಾರಾಟಗಾರರ ಪರವಾಗಿ ತೀರ್ಪು ಕೊಡ್ತು. ಮುಂದಿನ ವರ್ಷ ಏಜಂಟರ ರಾಷ್ಟ್ರೀಯ ಸಂಘ 41 ಕೋಟಿ 80 ಲಕ್ಷ ಡಾಲರ್ ಕೊಡ್ತೀವಂತ ರಾಜಿಗೆ ಬಂತು. ಅಷ್ಟ ದೂರ ಯಾಕ್ರೀ, ಇಲ್ಲೇ ಬಾಜೂಕ ಅಮರಗೋಳದ ಎಪಿಎಂಸಿ ಐತಲ್ಲ. ಅಲ್ಲಿ ಕಾಯ್ದೆ ಪ್ರಕಾರ ದಲಾಲಿ ಖರೀದಿದಾರ ಕೊಡಬೇಕು, ಮಾಲು ತಂದ ರೈತನ ಪಟ್ಟಿಯೊಳಗ ಮುರಿಯೋಹಂಗಿಲ್ಲ. ಒಂದು ಚೀಲ ಮೆಣಸಿನಕಾಯಿಗಿರೋ ಕಾಯ್ದೆ 30x40 ಮನಿಗಿಲ್ಲ.

ಪ್ರಶ್ನೆ: ರೇರಾ ಇದೆಯಲ್ಲ?

ಬೋರ್ಡು: ಐತಿ, 2016ರ ಕಾಯ್ದೆ. ರೇರಾದಾಗ ನೋಂದಣಿ ಆದ ಪ್ರಾಜೆಕ್ಟಿನ ಫ್ಲ್ಯಾಟು, ಪ್ಲಾಟು ಮಾರೋ ಏಜಂಟ ಅಲ್ಲಿ ತನ್ನ ಹೆಸರು ಹಚ್ಚಬೇಕು. ನಮ್ಮಂಥ ಹಳೇ ಮನಿ ಕೈ ಬದಲಾದ್ರ ಅದು ತಟ್ಟೂದಿಲ್ಲ. ದಲಾಲಿ ಎಷ್ಟಿರಬೇಕು ಅಂತನೂ ಅದು ಹೇಳಿಲ್ಲ. ಹಿಂಗಾಗಿ 2 ಅನ್ನೋದು ಕಾಯ್ದೆ ಅಲ್ಲ, ರೂಢಿ. ಕೇಳಿದ್ರ 1ಕ್ಕ ಇಳೀತಾರ.

ಪ್ರಶ್ನೆ: 2 ಪರ್ಸೆಂಟ್ ಯಾವ ಬೆಲೆಯ ಮೇಲೆ? ಖರೇದಿ ಪತ್ರದಲ್ಲಿ ಬರೆದದ್ದರ ಮೇಲೋ?

ಬೋರ್ಡು: (ತುಸು ಅಲುಗಾಡಿ) ಗಾಳಿ ರೀ, ನಗು ಅಲ್ಲ. ಸಬ್ ರಜಿಸ್ಟ್ರಾರ್ ಮುಂದ ಮನಿ ತುಸು ಬಡವಿ ಆಗ್ತೈತಿ. ಯಾಕಂದ್ರ 45 ಲಕ್ಷ ದಾಟಿದ್ದಕ್ಕ ಮುದ್ರಾಂಕ, ಸೆಸ್ಸು, ಸರ್ಚಾರ್ಜ್ ಕೂಡಿ 5.6 ಪರ್ಸೆಂಟ್, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದಿದ್ದು 2 ಆತು. ಕೂಡಿಸಿದ್ರ 7.6. ಸರಕಾರಕ್ಕ ಹೇಳೋ ಬೆಲಿ ಒಂದು, ನಮ್ಮ ನಮ್ಮೊಳಗಿನ ಬೆಲಿ ಇನ್ನೊಂದು. ಏಜಂಟ ಮಾತ್ರ ಎರಡನೇದ್ದರ ಮ್ಯಾಲ ಬರೋಬ್ಬರಿ ಲೆಕ್ಕಾ ಹಿಡೀತಾನ. ಅಷ್ಟೂ ವ್ಯವಹಾರದಾಗ ಖರೇ ಬೆಲಿಗೆ ನಿಯತ್ತಿನಿಂದ ಇರೋದು ಅಂದ್ರ ದಲಾಲಿ ಒಂದ. ಅದನ್ನೂ ಕೈಯಾಗ ರೊಕ್ಕ ತಗೋತಾನ, ಪಾವತಿ ಕೊಡೂದಿಲ್ಲ. ಪಾವತಿ ಇದ್ರ ಮಾಲಕರು ಲಾಭದ ತೆರಿಗಿಯೊಳಗ ಅಷ್ಟು ಖರ್ಚು ತೋರಸಬಹುದಿತ್ತು.

ಪ್ರಶ್ನೆ: 'ನಿಮಗೆ ಇಷ್ಟು ಬಂದರೆ ಸಾಕು, ಮೇಲಿನದು ನನ್ನದು' ಎನ್ನುವ ಮೂರನೇ ಪದ್ಧತಿಯೂ ಉಂಟಂತೆ.

ಬೋರ್ಡು: ಅದು ಅಗದೀ ಜೋರ್ ಐತ್ರಿ ಈ ಕಡೆ. ನಮ್ಮ ಮಾಲಕರಿಗೂ ಒಬ್ಬಂವ ಬಂದು ಹಂಗ ಅಂದ. '55 ಲಕ್ಷ ನಿಮ್ಮ ಕೈಯಾಗ ಇಡ್ತೀನಿ, ದಲಾಲಿ ಒಂದು ರೂಪಾಯಿ ಬ್ಯಾಡ.' ಮಾಲಕರು ಖುಷ್. ದಲಾಲಿ ಉಳೀತು ಅಂತ ಅವನಿಗೆ ಚಾ ಕುಡಿಸಿದ್ರು. ಮರುದಿವಸ ಅಂವ ಇಲ್ಲೇ ನಿಂತು ಗಿರಾಕಿಗೆ 63 ಹೇಳಿದ. ಗಿರಾಕಿ, ಮಾಲಕರು ಸಂಚಕಾರದ ದಿವಸದ ತನಕ ಒಬ್ಬರ ಮಾರಿ ಒಬ್ಬರು ನೋಡಬಾರದು, ಅದು ಅವನ ಪಥ್ಯ. ಮಾಲಕರಿಗೆ ಗೊತ್ತಿಲ್ಲದಂಗ ಏಜಂಟ ಹಿಂಗ ತನ್ನ ಪಾಲು ತಗದ್ರ ಅದನ್ನ ವಾಪಸ್ ಕೇಳೋ ಹಕ್ಕು ಮಾಲಕರಿಗೆ ಐತಿ, 1872ರ ಕರಾರು ಕಾಯ್ದೆಯ 216ನೇ ಕಲಮು. ಆದ್ರ ಇವರ ಬಾಯಿಬಿಟ್ಟು 'ಮ್ಯಾಲಿಂದು ನಿಂದು' ಅಂದುಬಿಟ್ರ ಯಾವ ಕಲಮು ಏನ ಮಾಡಬೇಕು? 1 ಲಕ್ಷ 20 ಸಾವಿರ ಉಳಸಾಕ ಹೋಗಿ 8 ಲಕ್ಷ ಬಿಟ್ಟುಕೊಡೋ ಮನಶಾನ್ನ ನಾ ದಿನಾ ಮುಂಜಾನೆ ಹಾಲು ತಗೊಳ್ಳೋ ಮುಂದ ನೋಡ್ತೀನಿ.

ಪ್ರಶ್ನೆ: ಆ ವ್ಯವಹಾರ ಏನಾಯಿತು?

ಬೋರ್ಡು: ಮುರೀತು. ಉತಾರದಾಗ ಇನ್ನೂ ಮಾಲಕರ ಅಜ್ಜನ ಹೆಸರಿತ್ತು. ಅಜ್ಜ ತೀರಿ ಯಾವ ಕಾಲ ಆತೋ. ವಾರಸಾ ಆಗಿಲ್ಲ, ಇ-ಖಾತಾ ಇಲ್ಲ. ಇ-ಖಾತಾ ಇಲ್ಲದ ಈಗ ನೋಂದಣಿನ ಇಲ್ಲ. ಇ.ಸಿ. ತಗದ್ರ ಅದರಾಗ ತೀರಿಸಿ ಮರತ ಒಂದು ಸೊಸೈಟಿ ಸಾಲದ ಬೋಜಾ. ಗದಗಿನಾಗಿರೋ ಅಕ್ಕನ ಸಹಿ ಬೇಕು; ಅಕ್ಕ ಮದುವಿ ಕಾಲದ ಬಂಗಾರದ ಮಾತು ತಗದ್ರು. ಇದ್ಯಾವುದೂ ನನ್ನ ಮ್ಯಾಲ ಬರದಿರಲಿಲ್ಲ ನೋಡ್ರಿ.

ಆಗ ಬಂದಾಂವ ಆ 2 ಪರ್ಸೆಂಟಿನಂವ, ಮಾರ್ಕೆಟ್ ಬೀಳಿಸಿದಾಂವ. ಅವನ ಬಗ್ಗೆ ಇಷ್ಟೊತ್ತು ಆಡಿಕೊಂಡೆ, ಇದನ್ನೂ ಹೇಳಬೇಕು. ಪಾಲಿಕೆಗೆ, ಸರ್ವೆ ಆಫೀಸಿಗೆ ತಾನ ಅಡ್ಡ್ಯಾಡಿದ. ಬೋಜಾ ಕಮ್ಮಿ ಮಾಡಿಸಿದ. ಗದಗಿಗೆ ಹೋಗಿ ಅಕ್ಕನ ಮನಿಯಾಗ ಉಂಡು, ಬಂಗಾರದ ಕತಿ ಪೂರ್ತಿ ಕೇಳಿ, ಸಹಿಗೆ ಒಪ್ಪಿಸಿಕೊಂಡು ಬಂದ. ಸ್ವಂತ ತಮ್ಮ ಹೋಗಿದ್ರ ಬಾಗಿಲಾನ ತಗೀತಿದ್ದಿಲ್ಲ. ಈ ಕೆಲಸಕ್ಕ ಲಕ್ಷ ಇಪ್ಪತ್ತು ಸಾವಿರ ಹೆಚ್ಚೇನಲ್ಲ. ಅಂವ ರೊಕ್ಕ ಕೇಳೋದು ಮಾತ್ರ ಗಿರಾಕಿ ತಂದಿದ್ದಕ್ಕ, ಮಾಡೋದು ಇಂಥಾ ಕೆಲಸ.

ಪ್ರಶ್ನೆ: ಹಾಗಾದರೆ ಕಾಗದಪತ್ರದ ಕೆಲಸಕ್ಕೆ ಬೇರೆ, ಮಾರಾಟಕ್ಕೆ ಬೇರೆ ಅಂತ ಕೊಟ್ಟರೆ?

ಬೋರ್ಡು: ಅದನ್ನ ನಾನೂ ಯೋಚನೆ ಮಾಡೀನಿ, ಗೇಟಿಗೆ ಬಿಗಿದಾಂವಗ ಬ್ಯಾರೆ ಏನ ಕೆಲಸ? ಕಾಗದಾ ಸರಿ ಮಾಡಿದ್ದಕ್ಕ ಇಂತಿಷ್ಟು ಗುತ್ತಿಗೆ, ಮನಿ ಹೋಗಲಿ ಬಿಡಲಿ. 57ರ ತನಕ ಬಂದಿದ್ದಕ್ಕ ಅರ್ಧ ಪರ್ಸೆಂಟ್. ಅದಕಿಂತ ಮ್ಯಾಲ ಬಂದಿದ್ದರಾಗ ಹತ್ತಕ್ಕ ಒಂದು ಪಾಲು. ಗಿರಾಕಿ ಕಡೆ ಏನ ತಗೋತಿ ಅಂತ ಮೊದಲ ಹೇಳಬೇಕು. ಎಲ್ಲಾ ಬಾಂಡ್ ಪೇಪರ್ ಮ್ಯಾಲ. ಮಾಲಕರಿಗೂ ಯಾರೋ ವಕೀಲರು ಹಿಂಗ ಹೇಳಿದ್ರಂತ, ನಿನ್ನೆ ಏಜಂಟನ ಮುಂದ ಇಟ್ರು.

ಪ್ರಶ್ನೆ: ಒಪ್ಪಿದನೇ?

ಬೋರ್ಡು: ಎಲ್ಲಾದಕ್ಕೂ 'ಆತ್ರಿ ಸರ, ಆತ್ರಿ ಸರ' ಅಂದ. ಬಾಂಡ್ ಪೇಪರ್ ಕಂಡ ಕೂಡಲೆ 'ನಮ್ಮ ನಿಮ್ಮ ನಡುವ ಕಾಗದ ಯಾಕ್ರೀ' ಅಂತ ನಕ್ಕ. ಆಮ್ಯಾಲ ತನ್ನದೂ ಒಂದು ಷರತ್ತು ಹಾಕಿದ: ಮಾರಾಟ ತನ್ನ ಒಬ್ಬನ ಕೈಯಾಗ ಇರಬೇಕು, ಮೊದಲ ಈ ಬೋರ್ಡ್ ತಗೀರಿ. ಮಾಲಕರು ಪಕ್ಕಡ ಹುಡಕಾಕ ಒಳಗ ಹೋಗ್ಯಾರ. ಕೇಳೋದಿದ್ರ ಲಗೂನ ಕೇಳ್ರಿ.

ಪ್ರಶ್ನೆ: ಮುಂದೇನು ನಿಮ್ಮ ಗತಿ?

ಬೋರ್ಡು: ನನಗೇನ ಚಿಂತಿ ಇಲ್ರಿ. ಹಿಂದಿನ ಬಾಜೂ ಇನ್ನೂ ಖಾಲಿ ಐತಿ. ಈ ದೀಪಾವಳಿಗೂ ಹೋಗದಿದ್ರ 'ಮನೆ ಬಾಡಿಗೆಗಿದೆ' ಅಂತ ಬರಿಸೋದು ಅಂತ ಗದಗಿನ ಅಕ್ಕಾರು ಆಗಲೇ ಪೇಂಟರ್‌ಗೆ ಫೋನ್ ಮಾಡ್ಯಾರ. ಅದಕ್ಕ ಏಜಂಟಗ ಒಂದು ತಿಂಗಳ ಬಾಡಿಗಿ. ಪೇಂಟರ್ ಈ ಸಲ 700 ಹೇಳ್ಯಾನ.