ಮುನಿಸು ಮೀಮಾಂಸೆ: ಮೂರು ತಾಲ್ಲೂಕಿನ ಬಿಸಿಮಾತುಗಳ ಶಾಸ್ತ್ರವಿಚಾರ

ಬಿಸಿಮಾತೆಂದರೆ ಆಡಿದರೆ ನಾಲಿಗೆ ಸುಡುವ, ಆಡದಿದ್ದರೆ ಹೊಟ್ಟೆ ಸುಡುವ ಮಾತು. ಕೊಟ್ಟ ಸಾಲ ವಾಪಸ್ ಕೇಳುವುದು, ಅಣ್ಣನ ಹತ್ತಿರ ಪಾಲು ಕೇಳುವುದು, ಆಡಿಟ್ ನಡೆಯುವ ವಾರದಲ್ಲೇ ಸಾಹೇಬರ ಹತ್ತಿರ ರಜೆ ಕೇಳುವುದು, 'ರಾತ್ರಿ ಎಲ್ಲಿಗ್ಹೋಗಿದ್ದೆ' ಎಂದು ಮನೆಯಲ್ಲಿ ಕೇಳುವುದು, ಎಲ್ಲವೂ ಈ ಜಾತಿಗೆ ಸೇರಿದವು. ಇಂಥ ಮಾತನ್ನು ಆಡುವ ಬಗೆ ಹೇಗೆಂದು 1999ರಲ್ಲಿ ಹಾರ್ವರ್ಡಿನ ಸಂಧಾನ ಪಂಡಿತರಾದ ಡಗ್ಲಸ್ ಸ್ಟೋನ್, ಬ್ರೂಸ್ ಪ್ಯಾಟನ್, ಶೀಲಾ ಹೀನ್ ಸೇರಿ ಒಂದು ಗ್ರಂಥ ಬರೆದರು. ಪ್ರತಿ ಕಷ್ಟದ ಮಾತಿನೊಳಗೂ ಮೂರು ಮಾತು ಅಡಗಿವೆ ಎಂಬುದು ಅವರ ಮತ: ನಡೆದದ್ದೇನು, ಮನಸ್ಸಿಗೆ ಆದದ್ದೇನು, ಇದರಿಂದ ನಾನು ಎಂಥವನು ಅನ್ನಿಸಿಕೊಂಡೆ. ಗ್ರಂಥ ಒಳ್ಳೆಯದೇ. ಆದರೆ ಆ ಮೂವರೂ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಯಾರ ಮನೆಯಲ್ಲಾದರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರೆ, ಮೂರೂ ಮಾತನ್ನು ಒಂದು ಸ್ಟೀಲ್ ಲೋಟ ಕುಕ್ಕಿದ ಸದ್ದಿನಲ್ಲೇ ಮುಗಿಸುವ ವಿದ್ಯೆ ಇದೆಯೆಂದು ಅವರಿಗೆ ತಿಳಿಯುತ್ತಿತ್ತು.

ಈ ಪ್ರಬಂಧದ ಪ್ರತಿಜ್ಞೆ ಹೀಗಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬಿಸಿಮಾತನ್ನು ಸಂಬಂಧಪಟ್ಟವರಿಗೆ ಆಡುವ ಸಂಪ್ರದಾಯವಿಲ್ಲ. ಅದನ್ನು ಆಡಿಗೆ, ಎಮ್ಮೆಗೆ, ಪಾತ್ರೆಗೆ, ಅಟೆಂಡರಿಗೆ, ಏನೂ ಸಿಗದಿದ್ದರೆ ಬೆಟ್ಟದ ದೇವರು ಮಾದಪ್ಪನಿಗೆ ಆಡಬೇಕು. ಸಂಬಂಧಪಟ್ಟವರು ಕಿವಿಗೆ ಬೀಳುವಷ್ಟು ದೂರದಲ್ಲಿ ಇರತಕ್ಕದ್ದು. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬ ಗಾದೆಯನ್ನು ಹಿಂದಿನ ವ್ಯಾಖ್ಯಾನಕಾರರು ಸೊಸೆಯ ಕೈಲಾಗದತನ ಎಂದು ತಿಳಿದರು. ಅವರು ಕೊತ್ತಿಯನ್ನು ನೋಡಿದರೇ ಹೊರತು, ಒಳಮನೆಯಲ್ಲಿ ಕಿವಿ ನಿಮಿರಿಸಿ ಕೂತ ಅತ್ತೆಯನ್ನು ನೋಡಲಿಲ್ಲ. ಕೊತ್ತಿ ಇಲ್ಲಿ ಬರಿಯ ಅಂಚೆಪೆಟ್ಟಿಗೆ, ವಿಳಾಸ ಅತ್ತೆಯದೇ. ಆದ್ದರಿಂದ ನಾವು ಇದನ್ನು ಕೊತ್ತಿ ನ್ಯಾಯ ಎಂದು ಕರೆಯುತ್ತೇವೆ.

ಪ್ರತ್ಯಕ್ಷ ಪ್ರಮಾಣ ಕೊಡೋಣ. ಜಗಲಿಯ ಮೇಲೆ ಗಂಡ ಬೀಡಿ ಹಚ್ಚಿಕೊಂಡು ಕೂತಿದ್ದಾನೆ. ಹೆಂಡತಿ ಗೂಟಕ್ಕೆ ಕಟ್ಟಿದ ಆಡಿಗೆ ಸೊಪ್ಪು ಹಾಕುತ್ತಾ, 'ತಿನ್ನು, ತಿಂದ್ಬುಟ್ಟು ಮನಿಕೊ. ನಿಂಗೇನವ್ವ, ಸಂಘದ ಕಂತು ಕಟ್ಟಂಗಿಲ್ಲ, ಮಗೀನ ಫೀಜು ಕಟ್ಟಂಗಿಲ್ಲ' ಅನ್ನುತ್ತಾಳೆ. ಆಡಿಗೆ ಸಂಘದ ಕಂತಿಲ್ಲವೆಂಬುದು ಗಂಡನಿಗೂ ಗೊತ್ತು. ಅವನು ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸುತ್ತಾನೆ. ಆಡಿನ ಕೊಂಬನ್ನೇ ನೋಡುತ್ತಾ, 'ಸೋಮ್ವಾರ ಕೊಟ್ಟಾರು ಅಂದವ್ರೆ' ಅನ್ನುತ್ತಾನೆ. ಹೆಂಡತಿ ಆಡಿಗೆ ಇನ್ನೊಂದು ಹಿಡಿ ಸೊಪ್ಪು ಜಾಸ್ತಿ ಹಾಕುತ್ತಾಳೆ. ಪ್ರಕರಣ ಇತ್ಯರ್ಥವಾಯಿತು. ಸೋಮವಾರ ದುಡ್ಡು ಬರದಿದ್ದರೆ ಏನೆಂಬುದಕ್ಕೆ ಬೇರೆ ಅಧ್ಯಾಯವಿದೆ. ಅದರಲ್ಲಿ ಉಪ್ಸಾರಿನ ಖಾರ ತಟ್ಟೆಯ ಅಂಚಿಗೆ ಬರುವ ಬದಲು ನಡುಮಧ್ಯಕ್ಕೆ ಬರುತ್ತದೆ, ಮುದ್ದೆ ಮೊಳದೆತ್ತರದಿಂದ ಇಳಿಯುತ್ತದೆ. ಮುದ್ದೆ ತಟ್ಟೆಗೆ ಬಿದ್ದ ಸದ್ದಿನಿಂದಲೇ ಮುನಿಸಿನ ವಯಸ್ಸು ಹೇಳಬಲ್ಲ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. 'ಆಡನ್ನು ಯಾಕೆ ನಡುವೆ ತರಬೇಕು, ಮುಖ ಕೊಟ್ಟು ನೇರವಾಗಿ ಕೇಳಿದರಾಗದೆ?' ಉತ್ತರ: ಕೇಳಿದವನೊಬ್ಬನಿದ್ದ, ನೀಲೇಗೌಡ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕಾವ್ಯದಲ್ಲಿ, 1973ರಲ್ಲಿ ಪಿ.ಕೆ. ರಾಜಶೇಖರ ಅವರು ಸಂಪಾದಿಸಿ ಅಚ್ಚಿಗೆ ತಂದ ಆ ಮಹಾಕಾವ್ಯದಲ್ಲಿ, ಸಂಕಮ್ಮನ ಸಾಲು ಅಂತ ಒಂದು ಭಾಗವಿದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟವನು ಹೆಂಡತಿಯನ್ನು ನಿಲ್ಲಿಸಿ, ತಾನು ಇಲ್ಲದಾಗ ನೀತಿಯಲ್ಲಿರುತ್ತೇನೆಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಇದನ್ನೇ ಕಚೇರಿಯ ಕಡತಕ್ಕೆ ಇಳಿಸಿದರೆ ಹೀಗಾಗುತ್ತದೆ: 'ಸದರಿ ಸಂಕಮ್ಮ ಕೋಂ ನೀಲೇಗೌಡ ಆದ ತಾವು ಮುಂದೆ ಎಸಗಬಹುದಾದ ತಪ್ಪಿನ ಬಗ್ಗೆ ಈಗಲೇ ಮುಚ್ಚಳಿಕೆ ಬರೆದುಕೊಡತಕ್ಕದ್ದು, ತಪ್ಪಿದಲ್ಲಿ ತಪ್ಪು ಸಾಬೀತಾದಂತೆ ಪರಿಗಣಿಸಿ ಕ್ರಮ ಜರುಗಿಸಲಾಗುವುದು.' ಅನುಮಾನ ಪಟ್ಟದ್ದು ಒಂದು ತಪ್ಪು. ಉತ್ತರವನ್ನೂ ತಾನೇ ಬರೆದು, ಎದುರಿನವಳ ಸಹಿ ಮಾತ್ರ ಕೇಳಿದ್ದು ಅದಕ್ಕಿಂತ ದೊಡ್ಡ ತಪ್ಪು.

ಶಾಸ್ತ್ರದ ನಗೆ ಇಲ್ಲಿ ಒಂದು ಗಳಿಗೆ ಪಕ್ಕಕ್ಕಿರಲಿ. ಭಾಷೆ ಕೊಡದ ಸಂಕಮ್ಮನನ್ನು ಅವನು ಹಿಂಸೆ ಮಾಡಿ, ಕಟ್ಟಿಹಾಕಿ, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಹಾಡುವವರು ಈ ಜಾಗದಲ್ಲಿ ಅವಸರ ಮಾಡುವುದಿಲ್ಲ, ಕೇಳುವ ಹೆಂಗಸರೂ ಎದ್ದು ಹೋಗುವುದಿಲ್ಲ. ಮಾದಪ್ಪ ಜಂಗಮನಾಗಿ ಬಂದಮೇಲೇ ಅವಳ ಮಾತನ್ನು ಕೇಳುವ ಕಿವಿಯೊಂದು ಸಿಗುವುದು. ಅವಳಿಗೆ ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳು ಹುಟ್ಟುವುದು ಅವನು ಕೊಟ್ಟ ವರದಿಂದ. ನೇರಮಾತು ಎಂದು ಎದೆ ತಟ್ಟಿಕೊಳ್ಳುವವರಲ್ಲಿ ಬಹುಪಾಲು ಜನ ಆಡಲು ಬಂದವರೇ ಹೊರತು ಕೇಳಲು ಬಂದವರಲ್ಲ ಎಂಬುದು ಪ್ರಬಂಧಕಾರನ ಅಭಿಪ್ರಾಯ. ಪೂರ್ವಪಕ್ಷದವರು ಕುಳಿತುಕೊಳ್ಳಬಹುದು.

ಕಚೇರಿಗಳಿಗೆ ಬಂದರೆ ಕೊತ್ತಿಯ ಸ್ಥಾನದಲ್ಲಿ ಅಟೆಂಡರ್ ನಿಲ್ಲುತ್ತಾನೆ. ಕೇಸ್ ವರ್ಕರ್ ಹನ್ನೊಂದೂವರೆಗೆ ಬಂದರೆ ಸಾಹೇಬರು ಬೆಲ್ ಒತ್ತಿ ಅಟೆಂಡರನ್ನು ಕರೆದು, 'ಏನಯ್ಯಾ, ಇದೇನು ಛತ್ರವೇ, ಬೇಕಾದಾಗ ಬರೋದಕ್ಕೆ?' ಎಂದು ಗದರುತ್ತಾರೆ. ಒಂಬತ್ತೂವರೆಗೇ ಬಂದು ಬೀಗ ತೆಗೆದವನು ಅವನೇ. ಆದರೂ 'ತಪ್ಪಾಯ್ತು ಸಾರ್' ಅನ್ನುತ್ತಾನೆ. ಕೇಸ್ ವರ್ಕರ್ ತನ್ನ ಮೇಜಿನಲ್ಲಿ ಕಡತದ ದಾರ ಬಿಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಹನ್ನೆರಡಕ್ಕೆ ಅಟೆಂಡರಿಗೆ ಟೀ ಕೊಡಿಸುತ್ತಾನೆ. ಬೈಗುಳದ ರಸೀದಿ ಆ ಟೀ. ಈ ಏರ್ಪಾಡಿನಲ್ಲಿ ಅಟೆಂಡರನ ಮನಸ್ಸಿಗೆ ಏನಾಗುತ್ತದೆಂದು ಯಾವ ಗ್ರಂಥವೂ ವಿಚಾರಿಸಿಲ್ಲ. ಅವನು ಮನೆಗೆ ಹೋಗಿ ಯಾರನ್ನು ಬೈಯುತ್ತಾನೋ, ಅವರ ಮನೆಯಲ್ಲಿ ಆಡಿದೆಯೋ ಇಲ್ಲವೋ.

ಯಳಂದೂರಿನ ಶಾಖೆ ಇದಕ್ಕಿಂತ ನಾಜೂಕಿನದು. ಬಿಳಿಗಿರಿ ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೋಹಿಸಿ ಮದುವೆಯಾದ ಎಂಬುದು ಬೆಟ್ಟದ ಹಾಡುಗಳ ಕಥೆ. ಬೇರೆಡೆ ಇಂಥದ್ದು ಪೊಲೀಸ್ ಠಾಣೆಗೆ ಹೋಗಬಹುದಾದ ವಿಷಯ. ಸೋಲಿಗರು ಮಾಡಿದ್ದೇನು? ದೇವರನ್ನು ಭಾವ ಎಂದು ಕರೆದುಬಿಟ್ಟರು. ಭಾವನಾದಮೇಲೆ ಎಷ್ಟು ಬೈದರೂ ತಮಾಷೆ. ತಮಾಷೆಯೆಂದು ಎಷ್ಟು ನಿಜ ಬೇಕಾದರೂ ಹೇಳಬಹುದು. ಸಾಲದ್ದಕ್ಕೆ ಈ ದೇವರು ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ. ಬೂದಿತಿಟ್ಟಿನ ಚಮ್ಮಾರ ಮನೆತನದವರು ಎರಡು ವರ್ಷಕ್ಕೊಮ್ಮೆ ಅವನಿಗೆ ದೊಡ್ಡ ಚರ್ಮದ ಚಪ್ಪಲಿ ಹೊಲಿದು ತಂದೊಪ್ಪಿಸುತ್ತಾರೆ. ಹಳೆಯದು ಸವೆದಿರುತ್ತದೆಂಬುದು ನಂಬಿಕೆ. 'ರಾತ್ರಿ ಎಲ್ಲಿಗೆ ಹೋಗಿದ್ದಿರಿ' ಎಂದು ಅಮ್ಮನವರು ಬಾಯಿಬಿಟ್ಟು ಕೇಳುವ ಅಗತ್ಯವೇ ಇಲ್ಲ, ಅಟ್ಟೆ ನೋಡಿದರೆ ಸಾಕು. ಆ ಚಪ್ಪಲಿಯನ್ನು ಭಕ್ತರು ತಲೆಗೆ ಮುಟ್ಟಿಸಿಕೊಂಡು ಆಶೀರ್ವಾದವೆಂದು ಕಣ್ಣು ಮುಚ್ಚುತ್ತಾರೆ. ಸಂಸಾರದ ವಾಗ್ವಾದದ ಸಾಕ್ಷ್ಯವೊಂದು ಪ್ರಸಾದವಾದದ್ದು ಬೇರೆಲ್ಲಾದರೂ ಉಂಟೆ?

ಇದೇ ಯಳಂದೂರಿನ ಸಂಚಿ ಹೊನ್ನಮ್ಮ ಅರಮನೆ ಸೇರಿ, ಚಿಕ್ಕದೇವರಾಜ ಒಡೆಯರ (1673-1704) ಆಸ್ಥಾನದಲ್ಲಿ 'ಹದಿಬದೆಯ ಧರ್ಮ' ಬರೆದಳು. ಎಲೆಯಡಿಕೆ ಸಂಚಿ ಹಿಡಿದು ನಿಲ್ಲುವ ಊಳಿಗದವಳು ದೊರೆಗೂ ಅವನ ಪಂಡಿತರಿಗೂ 'ಹೆಣ್ಣನ್ನು ಯಾಕೆ ಹೀಗೆ ಕೀಳುಗಳೆಯುತ್ತೀರಿ' ಎಂದು ನೇರವಾಗಿ ಕೇಳಲಾದೀತೆ? ಪತಿವ್ರತೆಯರಿಗೆ ಬುದ್ಧಿವಾದ ಹೇಳುವ ಸಾಂಗತ್ಯ ಹಾಡುತ್ತಾ ಹಾಡುತ್ತಾ, ಗಂಡುಮಗುವಿಗೆ ಹಿಗ್ಗಿ ಹೆಣ್ಣಿಗೆ ಕುಗ್ಗುವವರನ್ನು ನಡುವೆ ಒಂದೇ ಬೀಸಿನಲ್ಲಿ ಬೀಸಿ, ಮತ್ತೆ ಬುದ್ಧಿವಾದಕ್ಕೆ ಮರಳಿದಳು. ಗ್ರಂಥದ ಹೆಸರು ನೋಡಿದವರು ತಲೆದೂಗಿದರು. ಕೊತ್ತಿ ನ್ಯಾಯಕ್ಕೆ ಇದಕ್ಕಿಂತ ಸೊಗಸಾದ ಲಕ್ಷ್ಯ ಕನ್ನಡದಲ್ಲಿ ಸಿಗಲಿಕ್ಕಿಲ್ಲ.

ನೌಕರಿ ಬಿಡುವ ಬಿಸಿಮಾತಿಗೆ ದಿವಾನ್ ಪೂರ್ಣಯ್ಯನವರೇ ಪ್ರಮಾಣ. ಹೈದರನಿಗೂ ಟಿಪ್ಪುವಿಗೂ ಲೆಕ್ಕ ಒಪ್ಪಿಸಿ, 1799ರ ನಂತರ ಮೈಸೂರಿನ ದಿವಾನರಾಗಿ, ಕೊನೆಗೆ 1811ರಲ್ಲಿ ಅವರು ಅಧಿಕಾರ ಬಿಟ್ಟುಕೊಟ್ಟದ್ದು 1794ರಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಎತ್ತಿ ಆಡಿಸುವ ವಯಸ್ಸಿನಿಂದ ಕಂಡ ಹುಡುಗ ಮೇಲಧಿಕಾರಿಯಾದಾಗ ಏನು ಮಾತಾಡಬೇಕು? ಶಾಸ್ತ್ರ ಹೇಳುವುದಿಷ್ಟೆ: ಯಳಂದೂರು ಜಹಗೀರು 1807ರಲ್ಲೇ ಕೈಗೆ ಬಂದಿತ್ತು. ಬಿಸಿಮಾತಿಗೆ ಕೂರುವ ಮುಂಚೆ ಒಂದು ಜಹಗೀರು ಮಾಡಿಕೊಂಡಿರುವುದು ಕ್ಷೇಮ.

ಕೊಳ್ಳೇಗಾಲದ ಖ್ಯಾತಿ ಎಲ್ಲರಿಗೂ ತಿಳಿದದ್ದು. ಬೀದರಿನಲ್ಲಿ ಜಗಳವಾಡಿದವರೂ ಕೊನೆಗೆ 'ಕೊಳ್ಳೇಗಾಲಕ್ಕೆ ಹೋಗಿ ಬರ್ತೀನಿ ನೋಡು' ಎಂದು ಹೆದರಿಸುತ್ತಾರೆ. ಎದುರಾಳಿಯ ಜೊತೆ ಐದು ನಿಮಿಷ ಕೂತು ಮಾತಾಡುವುದಕ್ಕಿಂತ ನೂರಾರು ಮೈಲಿ ಬಸ್ಸಿನಲ್ಲಿ ಕೂತು ಮಾಟ ಮಾಡಿಸುವುದು ಸುಲಭವೆಂದು ಜನರಿಗೆ ಅನ್ನಿಸಿದೆಯೆಂದರೆ, ಬಿಸಿಮಾತು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಊರಿನವರಿಗೆ ಈ ಹೆಸರು ಬೇಸರ. ಬಂದವರು ರೇಷ್ಮೆ ಸೀರೆ ಅಂಗಡಿ ಕೇಳುವ ಬದಲು ದನಿ ತಗ್ಗಿಸಿ ಇನ್ನೇನೋ ಕೇಳುತ್ತಾರೆ. ಕೊಳ್ಳೇಗಾಲಕ್ಕೆ ಮಾತ್ರ ಯಾರ ಮೇಲೂ ಮುನಿಸಿಲ್ಲ. 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಮೂರು ಮನೆ ಕಂಡಿತು. ಈಚೆಗೆ ಹನೂರೂ ಬೇರೆ ಒಲೆ ಹೂಡಿ ತಾಲ್ಲೂಕಾಯಿತು. ಇಂದಿಗೂ ಹಳೆಯ ಕಾಗದಪತ್ರ ಹುಡುಕುವಾಗ ಮಾತ್ರ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಇನ್ನು ಮಾತೇ ಬಿಟ್ಟವರ ವಿಚಾರ. ಇದಕ್ಕೆ ಮದ್ದು ಚಿಕ್ಕಲ್ಲೂರು ಜಾತ್ರೆ. ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುವ ಆ ಜಾತ್ರೆ ಸಿದ್ದಪ್ಪಾಜಿಯದು. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗಿ ಪರೀಕ್ಷೆಯ ಮೇಲೆ ಪರೀಕ್ಷೆ ಉಂಡವನು ಅವನು. ಬಿಲ್ ಪಾಸಾಗದೆ ಅಲೆಯುವ ಗುತ್ತಿಗೆದಾರರೆಲ್ಲ ಅವನಿಗೆ ಕೈಮುಗಿಯುವುದು ಉಚಿತ. ಪಂಕ್ತಿಸೇವೆಯ ದಿನ ಬಿಡಾರಗಳಲ್ಲಿ ಅಡಿಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಬದುವಿನ ಜಗಳದಲ್ಲಿ ಮಾತು ಬಿಟ್ಟ ಇಬ್ಬರು ದಾಯಾದಿಗಳು ಜನದ ನೂಕಿನಲ್ಲಿ ಅಕ್ಕಪಕ್ಕದ ಎಲೆಗೇ ಕೂತುಬಿಟ್ಟರು ಎಂದುಕೊಳ್ಳಿ. ದೊಡ್ಡವನ ಎಲೆಯಲ್ಲಿ ಸಾರು ಮುಗಿದಿದೆ. ಬಡಿಸುವವನ ಕಡೆ ತಿರುಗಿ, 'ಈ ಎಲೆಗೂ ಒಂಚೂರು ಬುಡಪ್ಪ, ಆ ಎಲೆಗೂ ಬುಡು' ಅನ್ನುತ್ತಾನೆ. ಸುತ್ತಲಿದ್ದವರು ಸದ್ಯ ರಾಜಿಯಾದರು ಎಂದು ಉಸಿರು ಬಿಡುತ್ತಾರೆ. ಚಿಕ್ಕವನು ಕೈ ತೊಳೆದು ಬಂದವನೇ ಊರವರ ಮುಂದೆ ಹೇಳುತ್ತಾನೆ: 'ಅಂವ ನನ್ನ ಮಾತಾಡ್ಸನಿಲ್ಲ, ಸಾರಿನವ್ನ ಮಾತಾಡ್ಸ್ದ. ನಾನ್ಯಾಕ ಮೊದ್ಲು ಮಾತಾಡ್ಲಿ?'